ಬೇಟೆಗೆ ಹೋದಾಗ ಕಳೆದುಹೋಗುವ ಸಾಮಾನು ಮತ್ತು ಬ್ಲೂಟೂತ್ ಟ್ಯಾಗ್: ಒಂದು ಋತುವಿನ ಬಳಕೆಯ ನಂತರ

ಮುಸ್ಸಂಜೆಯ ಬೆಳಕು ಆರುವ ಹೊತ್ತಿಗೆ ಮರದ ಬುಡದಿಂದ ಎದ್ದು, ಚೀಲವನ್ನು ಬೆನ್ನಿಗೇರಿಸಿ, ಒಂದೂವರೆ ಕಿಲೋಮೀಟರಿನಷ್ಟು ನಡೆದ ಮೇಲೆ ಎದೆಯ ಜೇಬು ಹಗುರವಾಗಿರುವುದು ನನ್ನ ಕೈಗೆ ತಿಳಿಯಿತು. ದೂರ ಅಳೆಯುವ ರೇಂಜ್‌ಫೈಂಡರ್ ಅಲ್ಲಿರಲಿಲ್ಲ. ಮರುದಿನ ಹಗಲಿನಲ್ಲಿ ಮೂರು ಗಂಟೆ ಹುಡುಕಿದರೂ ಸಿಗಲಿಲ್ಲ. ಹಿಂದಿನ ದಿನ ಅಷ್ಟು ಹೊತ್ತು ಒರಗಿ ಕುಳಿತಿದ್ದ ಮರ ಯಾವುದೆಂಬುದನ್ನೇ ಖಚಿತವಾಗಿ ಹೇಳಲಾಗದ ಸ್ಥಿತಿ ನನ್ನದಾಗಿತ್ತು, ಏಕೆಂದರೆ ಇಳಿಬೆಳಕಿನಲ್ಲಿ ಕಂಡ ಕಾಡಿಗೂ ಹಗಲಿನಲ್ಲಿ ಕಾಣುವ ಕಾಡಿಗೂ ಹೋಲಿಕೆಯೇ ಇರುವುದಿಲ್ಲ. ಆ ನಷ್ಟದ ಬಳಿಕ ನಾಲ್ಕು ಬ್ಲೂಟೂತ್ ಟ್ಯಾಗ್‌ಗಳ, ಅಂದರೆ ಸಾಮಾನಿಗೆ ಕಟ್ಟಿ ಫೋನಿನ ಮೂಲಕ ಹುಡುಕಬಹುದಾದ ಪುಟ್ಟ ಸಾಧನಗಳ, ಒಂದು ಕಟ್ಟನ್ನು ಕೊಂಡು, ಕಾನೂನು ಅನುಮತಿಸಿದ ಪ್ರದೇಶದಲ್ಲಿ ಪರವಾನಗಿಯೊಂದಿಗೆ ಕಳೆದ ಇಡೀ ಋತುವಿನಲ್ಲಿ ಅವುಗಳನ್ನು ಬಳಸಿದೆ. ಒಂದನ್ನು ಹೊಸ ರೇಂಜ್‌ಫೈಂಡರಿನ ಕವಚಕ್ಕೆ, ಒಂದನ್ನು ದುರ್ಬೀನಿನ ಪಟ್ಟಿಗೆ, ಒಂದನ್ನು ಚಾಕುವಿನ ಒರೆಗೆ, ಕೊನೆಯದನ್ನು ಬೆನ್ನುಚೀಲದ ಒಳಜೇಬಿಗೆ ಸೇರಿಸಿದ್ದೆ. ಈ ಬರಹ ಆ ಟ್ಯಾಗ್‌ಗಳ ವಿಮರ್ಶೆ.

ಈ ವಸ್ತುವನ್ನು ಕೊಳ್ಳುವ ಅನೇಕರಲ್ಲಿ ಒಂದು ತಪ್ಪು ಕಲ್ಪನೆಯಿದೆ, ಅದು ನನ್ನಲ್ಲಿಯೂ ಇತ್ತು. ಟ್ಯಾಗ್‌ನೊಳಗೆ ಜಿಪಿಎಸ್ ಇರುವುದಿಲ್ಲ. ತಾನು ಎಲ್ಲಿದ್ದೇನೆಂಬುದು ಟ್ಯಾಗ್‌ಗೆ ತಿಳಿದೇ ಇಲ್ಲ. ಅದು ಕೆಲವು ಕ್ಷಣಗಳಿಗೊಮ್ಮೆ ಬ್ಲೂಟೂತ್ ಮೂಲಕ ತನ್ನ ಗುರುತನ್ನು ಸಾರುತ್ತಿರುತ್ತದೆ, ಹತ್ತಿರದಲ್ಲಿರುವ ಫೋನು ಆ ಸಂಕೇತವನ್ನು ಗ್ರಹಿಸಿ, ತನ್ನದೇ ಸ್ಥಾನವನ್ನು ಟ್ಯಾಗ್‌ನ ಸ್ಥಾನವೆಂದು ದಾಖಲಿಸುತ್ತದೆ. 2021ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ ಏರ್‌ಟ್ಯಾಗ್ ಆಗಲಿ, ಅದಕ್ಕಿಂತ ಮೊದಲಿನಿಂದ ಇರುವ ಟೈಲ್ ಆಗಲಿ, ಇದೇ ತತ್ವದ ಮೇಲೆ ನಡೆಯುತ್ತವೆ. ನಾನು ಕೊಂಡದ್ದು ಬೇರೆ ತಯಾರಕರದು, ಆದರೆ ಒಳಗಿನ ಕ್ರಮ ಅದೇ. ನಗರದಲ್ಲಿ ಕೀಲಿಗೊಂಚಲು ಬಿದ್ದುಹೋದರೆ ಅದರ ಪಕ್ಕದಲ್ಲಿ ಹಾದುಹೋಗುವ ಅಪರಿಚಿತರ ನೂರಾರು ಫೋನುಗಳು ಸುದ್ದಿ ಮುಟ್ಟಿಸುತ್ತವೆ. ಬೇಟೆಯ ಜಾಗದಲ್ಲಿ ಹಾಗೆ ಹಾದುಹೋಗುವವರು ಯಾರೂ ಇರುವುದಿಲ್ಲ, ಯಾರೂ ಇಲ್ಲದ ಜಾಗವೆಂದೇ ನಾವು ಅಲ್ಲಿಗೆ ಹೋಗಿರುತ್ತೇವೆ. ಆದುದರಿಂದ ಈ ಟ್ಯಾಗ್‌ಗಳ ಬಹು ಪ್ರಚಾರಿತ ಗುಣವಾದ ಜನಜಾಲದ ಹುಡುಕಾಟ ನಮ್ಮ ಪಾಲಿಗೆ ಇಲ್ಲವೆಂದೇ ತಿಳಿಯಬೇಕು.

ಹಾಗಾದರೆ ಉಳಿಯುವುದೇನು? ಉಳಿಯುವುದು ಬಿಟ್ಟುಹೋದಾಗ ಎಚ್ಚರಿಸುವ ಸೌಲಭ್ಯ, ಮತ್ತು ನನ್ನ ಅನುಭವದಲ್ಲಿ ಕೊಟ್ಟ ಹಣಕ್ಕೆ ಸಾರ್ಥಕತೆ ತಂದದ್ದು ಅದೊಂದೇ. ಫೋನು ಮತ್ತು ಟ್ಯಾಗ್ ನಡುವಿನ ಸಂಪರ್ಕ ಕಡಿದ ಸ್ವಲ್ಪ ಹೊತ್ತಿನಲ್ಲಿ ಫೋನು ನಡುಗಿ, ಇಂಥ ವಸ್ತು ಹಿಂದೆ ಉಳಿಯಿತೆಂದು ತಿಳಿಸುತ್ತದೆ. ಮುಂದೆ ಹೇಳಲಿರುವ ಒಂದು ಸಲವನ್ನು ಬಿಟ್ಟರೆ, ಋತುವಿನಲ್ಲಿ ಐದು ಬಾರಿ ನನಗೆ ಈ ಎಚ್ಚರಿಕೆ ಬಂದಿತು. ಅವುಗಳಲ್ಲಿ ಎರಡು ಹುಸಿ, ವಸ್ತು ಚೀಲದ ತಳದಲ್ಲಿದ್ದು ಸಂಕೇತ ಮಾತ್ರ ಮಂಕಾಗಿತ್ತು. ಉಳಿದ ಮೂರು ಬಾರಿ ವಸ್ತು ನಿಜವಾಗಿಯೇ ಹಿಂದೆ ಉಳಿದಿತ್ತು: ಕಡಿದ ಮರದ ಬೊಡ್ಡೆಯ ಮೇಲೆ ಇಟ್ಟ ಚಾಕು, ಬೇಲಿ ದಾಟುವಾಗ ಕಂಬಕ್ಕೆ ತೂಗುಹಾಕಿದ ದುರ್ಬೀನು, ಮತ್ತೊಮ್ಮೆ ಅದೇ ಚಾಕು. ಪ್ರತಿ ಸಲವೂ ನಾನು ಇನ್ನೂರು ಹೆಜ್ಜೆಯ ಆಸುಪಾಸಿನಲ್ಲಿದ್ದೆ. ಬಂದ ದಾರಿ ನೆನಪಿನಲ್ಲಿ ಹಸಿಯಾಗಿತ್ತು, ಬೆಳಕು ಉಳಿದಿತ್ತು, ಹಿಂದಿರುಗಿ ಹೋಗಿ ಎತ್ತಿಕೊಂಡೆ. ಒಂದು ಸೂಚನೆಯನ್ನು ಮಾತ್ರ ಮರೆಯಬಾರದು. ಬ್ಯಾಟರಿ ಉಳಿಸಲೆಂದು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕುವ ಅಭ್ಯಾಸ ನಮ್ಮಲ್ಲಿ ಬಹಳ ಮಂದಿಗೆ ಇದೆ. ಆಗ ಬ್ಲೂಟೂತ್ ಆರಿದ್ದರೆ ಅದನ್ನು ಪ್ರತ್ಯೇಕವಾಗಿ ಮತ್ತೆ ಚಾಲೂ ಮಾಡಿ, ಎಚ್ಚರಿಕೆಯನ್ನು ಶಬ್ದಕ್ಕೆ ಬದಲು ಕಂಪನಕ್ಕೆ ಹೊಂದಿಸಿ, ಫೋನನ್ನು ಮೈಗೆ ತಾಗುವ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಚೀಲದೊಳಗಿನ ಫೋನು ನಡುಗಿದರೆ ಯಾರಿಗೂ ತಿಳಿಯುವುದಿಲ್ಲ.

ಆ ಮೊದಲ ನಿಮಿಷಗಳು ಕೈಬಿಟ್ಟರೆ ಟ್ಯಾಗ್‌ನ ಬಲ ಬೇಗನೆ ಕುಗ್ಗುತ್ತದೆ. ಡಬ್ಬಿಯ ಮೇಲೆ ಬರೆದಿರುವ ದೂರ ಅಡ್ಡಿಯೇನೂ ಇಲ್ಲದ ಬಯಲಿನದು. ಬ್ಲೂಟೂತ್ ಕೆಲಸ ಮಾಡುವ 2.4 ಗಿಗಾಹರ್ಟ್ಸ್‌ನ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್, ನೀರು ತುಂಬಿದ ಎಲೆಗಳು, ಒದ್ದೆ ಮಣ್ಣು, ನಮ್ಮದೇ ದೇಹ, ಇವೆಲ್ಲವೂ ಅದನ್ನು ಹೀರಿಕೊಳ್ಳುತ್ತವೆ. ನಾನು ಬೇಕೆಂದೇ ಟ್ಯಾಗ್ ಇಟ್ಟು ಪರೀಕ್ಷಿಸಿದಾಗ, ಗಿಡ್ಡ ಹುಲ್ಲಿನ ಮೇಲೆ ಸುಮಾರು ನಲವತ್ತು ಹೆಜ್ಜೆಗಳಿಂದ ಫೋನು ಅದನ್ನು ಗುರುತಿಸಿತು. ಮಳೆಯಾದ ಮರುದಿನ, ಒಂದು ಗೇಣು ತರಗೆಲೆಯ ಕೆಳಗೆ ಹುದುಗಿಸಿ ನೋಡಿದಾಗ ಹತ್ತು ಹೆಜ್ಜೆಯೊಳಗೆ ಬಂದರೆ ಮಾತ್ರ ಸಂಪರ್ಕ ಸಿಕ್ಕಿತು. ಇದಕ್ಕೆ ಫೋನಿನ ಸ್ಥಾನದ ದೋಷವನ್ನೂ ಸೇರಿಸಿಕೊಳ್ಳಬೇಕು. ತೆರೆದ ಆಕಾಶದ ಕೆಳಗೆ ಸ್ಮಾರ್ಟ್‌ಫೋನಿನ ಜಿಪಿಎಸ್ ಸಾಮಾನ್ಯವಾಗಿ 4.9 ಮೀಟರ್ ತ್ರಿಜ್ಯದೊಳಗೆ ನಿಖರವಾಗಿರುತ್ತದೆ, ದಟ್ಟ ಮರಗಳ ಕೆಳಗೆ ಅದು ಇನ್ನೂ ಸಡಿಲವಾಗುತ್ತದೆ. ನಕ್ಷೆಯ ಮೇಲಿನ ಚುಕ್ಕೆ ಹುಡುಕಾಟವನ್ನು ಎಲ್ಲಿಂದ ಆರಂಭಿಸಬೇಕೆಂದು ಹೇಳುತ್ತದೆ, ಅಷ್ಟೇ. ಅಲ್ಟ್ರಾ ವೈಡ್‌ಬ್ಯಾಂಡ್ ಇರುವ ದುಬಾರಿ ಮಾದರಿಗಳು ದಿಕ್ಕು ಮತ್ತು ದೂರವನ್ನು ಬಾಣದ ಗುರುತಿನಲ್ಲಿ ತೋರಿಸುತ್ತವೆ. ನನ್ನ ಮಾದರಿಯಲ್ಲಿ ಅದಿಲ್ಲ, ಇದ್ದಿದ್ದರೂ ಮೊದಲು ಆ ಹತ್ತಿಪ್ಪತ್ತು ಹೆಜ್ಜೆಗಳೊಳಗೆ ತಲುಪಲೇಬೇಕು.

ಟ್ಯಾಗ್ ಹೊರಡಿಸುವ ಶಬ್ದದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕೆನಿಸುತ್ತದೆ, ಏಕೆಂದರೆ ಇದನ್ನು ಯಾರೂ ಗಮನಕ್ಕೆ ತರುವುದಿಲ್ಲ. ಇಂಥ ಪುಟ್ಟ ಸಾಧನಗಳ ಕೂಗು ಎತ್ತರದ ಸ್ವರದ್ದು. ಬಂದೂಕಿನ ಒಂದು ಈಡಿನ ಶಬ್ದವೇ 140 ಡೆಸಿಬೆಲ್ ಮೀರುತ್ತದೆ, ಅದನ್ನು ವರ್ಷಗಟ್ಟಲೆ ಕಿವಿ ಮುಚ್ಚಿಕೊಳ್ಳದೆ ಕೇಳಿದವರು ಮೊದಲು ಕಳೆದುಕೊಳ್ಳುವುದು 4000 ಹರ್ಟ್ಸ್‌ನ ಆಸುಪಾಸಿನ ಸ್ವರಗಳ ಶ್ರವಣವನ್ನು. ನನಗಿಂತ ಹಿರಿಯರಾದ ನನ್ನ ಜೊತೆಗಾರರೊಬ್ಬರು ಆರು ಹೆಜ್ಜೆ ದೂರದಲ್ಲಿ ಕೂಗುತ್ತಿದ್ದ ಟ್ಯಾಗ್‌ನ ಸದ್ದನ್ನು ಕೇಳಲಾರದೆ ಅದರ ಪಕ್ಕದಲ್ಲೇ ಹಾದುಹೋದರು. ಅವರ ಮುಖದಲ್ಲಿ ಕಂಡ ಗಾಬರಿಯನ್ನು ನಾನು ಮರೆಯಲಾರೆ. ನಮ್ಮಲ್ಲಿ ಬಹುಪಾಲು ಜನ ಬೇಟೆಗಾರರ ಕಿವಿ ಇದೇ ದಾರಿಯಲ್ಲಿದೆ, ಆದ್ದರಿಂದ ಕೊಳ್ಳುವ ಮೊದಲು ನಮ್ಮದೇ ಕಿವಿಯಿಂದ, ಗಾಳಿ ಬೀಸುವ ಹೊರಾಂಗಣದಲ್ಲಿ, ಆ ಸದ್ದನ್ನು ಕೇಳಿ ನೋಡುವುದು ಅಗತ್ಯ.

ಈ ಕಟ್ಟಿನ ಅತಿ ದೊಡ್ಡ ದೋಷ ಟ್ಯಾಗ್‌ನಲ್ಲಿ ಇಲ್ಲ, ಅದರೊಂದಿಗೆ ಬಂದ ಹಿಡಿಕೆಯಲ್ಲಿದೆ. ಮೃದುವಾದ ಸಿಲಿಕೋನ್ ಗವಸು, ಅದಕ್ಕೊಂದು ತೆಳು ಉಂಗುರ. ಮುಳ್ಳುಪೊದೆಯ ಕೆಳಗೆ ಮಂಡಿಯೂರಿ ತೆವಳಿದ ಒಂದು ಬೆಳಿಗ್ಗೆ ಆ ಗವಸು ಹರಿಯಿತು. ಎಚ್ಚರಿಕೆ ಬಂದಿತು, ಹಿಂದಿರುಗಿದೆ, ಕಾಲು ಗಂಟೆಯೊಳಗೆ ಟ್ಯಾಗ್ ಸಿಕ್ಕಿತು. ಚಾಕು ಸಿಗಲಿಲ್ಲ. ಒರೆಯಿಂದ ಟ್ಯಾಗ್ ಒಂದು ಕಡೆ, ಒರೆಸಹಿತ ಚಾಕು ಇನ್ನೊಂದು ಕಡೆ ಬಿದ್ದಿದ್ದವು, ಮತ್ತು ಮಣ್ಣಿನ ಬಣ್ಣದ ಹಿಡಿಯಿದ್ದ ಆ ಚಾಕು ಮಣ್ಣಿನಲ್ಲಿಯೇ ಉಳಿಯಿತು. ಹಲವು ವರ್ಷ ಕೈಗೆ ಒಗ್ಗಿಕೊಂಡಿದ್ದ ವಸ್ತು ಅದು. ಅಂದಿನಿಂದ ಉಳಿದ ಟ್ಯಾಗ್‌ಗಳನ್ನು ದಪ್ಪ ಬಟ್ಟೆಯ ಚಿಕ್ಕ ಚೀಲದಲ್ಲಿಟ್ಟು, ಕವಚಗಳಿಗೆ ಮೇಣದ ನೂಲಿನಿಂದ ನೇರವಾಗಿ ಹೊಲಿದಿದ್ದೇನೆ. ಬ್ಯಾಟರಿ ಬದಲಿಸಬೇಕಾದಾಗ ಹೊಲಿಗೆ ಬಿಚ್ಚಬೇಕಾಗುತ್ತದೆ, ಆದರೂ ತೊಂದರೆಯಿಲ್ಲ.

ಬ್ಯಾಟರಿ ಸಿಆರ್2032, ಮೂರು ವೋಲ್ಟಿನ ನಾಣ್ಯದಾಕಾರದ್ದು, ಎಲ್ಲೆಡೆ ಸಿಗುವಂಥದ್ದು. ಚಳಿ ಹೆಚ್ಚಾದಂತೆ ಅದರ ಶಕ್ತಿ ಕುಗ್ಗುತ್ತದೆ, ಹಾಗಾಗಿ ಋತುವಿನ ಆರಂಭದಲ್ಲಿಯೇ ಹೊಸದನ್ನು ಹಾಕುವುದು ಲೇಸು. ಮಕ್ಕಳು ನುಂಗದಿರಲೆಂದು ಕಹಿ ಲೇಪನ ಮಾಡಿದ ಬ್ಯಾಟರಿಗಳು ಕೆಲವು ಟ್ಯಾಗ್‌ಗಳಲ್ಲಿ ಸರಿಯಾಗಿ ಸಂಪರ್ಕ ಕೊಡುವುದಿಲ್ಲ, ಇದನ್ನೂ ಮನೆಯಲ್ಲಿಯೇ ಪರೀಕ್ಷಿಸಿಕೊಳ್ಳಬೇಕು. ನೀರಿನ ವಿಷಯದಲ್ಲಿ ನನಗೆ ದೂರಿಲ್ಲ. ನೀರು, ಧೂಳು ತಡೆಯುವ ಮಟ್ಟವನ್ನು ಸೂಚಿಸುವ ಐಪಿ67 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಎಂದರ್ಥ, ಮಳೆ ಮತ್ತು ಇಬ್ಬನಿಗೆ ಅದು ಧಾರಾಳವಾಗಿ ಸಾಕಾಯಿತು.

ಇನ್ನು ಟ್ಯಾಗ್‌ಗಳ ಜೊತೆಗೆ ನಾನು ಬಳಸಿದ ಎರಡು ಸಾಮಾನ್ಯ ವಸ್ತುಗಳ ಬಗ್ಗೆ ಹೇಳದಿದ್ದರೆ ಈ ವಿಮರ್ಶೆ ಅಪೂರ್ಣವಾಗುತ್ತದೆ, ಏಕೆಂದರೆ ನೆಲದ ಮೇಲೆ ಬಿದ್ದ ವಸ್ತುವನ್ನು ಕಣ್ಣಿಗೆ ಕಾಣಿಸುವುದು ಕೊನೆಗೂ ಅವೇ. ಬೇಟೆಯ ಸಾಮಾನನ್ನು ತಯಾರಿಸುವವರು ಎಲ್ಲದಕ್ಕೂ ಎಲೆ, ತೊಗಟೆ, ಹುಲ್ಲಿನ ಚಿತ್ತಾರ ಬಳಿಯುತ್ತಾರೆ. ತೊಡುವ ಬಟ್ಟೆಗೆ ಅದು ಬೇಕು, ಜೇಬಿನೊಳಗಿರುವ ಚಾಕುವಿಗೆ ಏಕೆ ಬೇಕು? ಮರೆಯಾಗಲೆಂದೇ ಮಾಡಿದ ವಸ್ತು ಕೈ ಜಾರಿದರೆ ಮರೆಯಾಗುತ್ತದೆ. ನಾನು ಪ್ರತಿಯೊಂದಕ್ಕೂ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಒಂದು ಮೊಳ ಹುರಿ ಕಟ್ಟಿದೆ. ಬೇಟೆಯ ಪ್ರಾಣಿ ಅದನ್ನು ಕಂಡು ಬೆದರುತ್ತದೆಂಬ ಆತಂಕಕ್ಕೆ ಜಿಂಕೆಯ ಜಾತಿಯ ಮಟ್ಟಿಗಂತೂ ಕಾರಣವಿಲ್ಲ. ಮನುಷ್ಯನ ಕಣ್ಣಿನಲ್ಲಿ ಬಣ್ಣ ಗ್ರಹಿಸುವ ಕೋಶಗಳು ಮೂರು ಬಗೆ, ಜಿಂಕೆಯಲ್ಲಿ ಎರಡೇ ಬಗೆ. ನೀಲಿ ಅದಕ್ಕೆ ಎದ್ದು ಕಾಣುತ್ತದೆ, ಕಿತ್ತಳೆಯನ್ನು ಹಸಿರಿನಿಂದ ಬೇರ್ಪಡಿಸುವ ಶಕ್ತಿ ಅದಕ್ಕಿಲ್ಲ. ಆದ್ದರಿಂದ ನೀಲಿ ಹುರಿಯನ್ನು ಕಟ್ಟಬಾರದು. ಕೆಂಪು-ಹಸಿರು ಭೇದ ತಿಳಿಯದ ಗಂಡಸರು ಕಡಿಮೆಯೇನಿಲ್ಲ, ಅಂಥವರಿಗೆ ಕಿತ್ತಳೆಯ ಹುರಿಯೂ ಹಸಿರಿನಲ್ಲಿ ಕರಗಬಹುದು. ಅವರು ತಮ್ಮ ಕಣ್ಣಿಗೆ ಎದ್ದು ಕಾಣುವುದನ್ನು ಹುಲ್ಲಿನ ಮೇಲೆ ಎಸೆದು ನೋಡಿಯೇ ಆರಿಸಿಕೊಳ್ಳಬೇಕು.

ಎರಡನೆಯದು, ವಾಹನಗಳ ಮೇಲೆ ಅಂಟಿಸುವ ಬೆಳಕು ಮರಳಿಸುವ ಪಟ್ಟಿ. ಅದು ತನ್ನ ಮೇಲೆ ಬಿದ್ದ ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುತ್ತದೆ. ಹೀಗಾಗಿ ದೀಪ ಕಣ್ಣಿನ ಪಕ್ಕದಲ್ಲಿಯೇ ಇರಬೇಕು, ಹಣೆಗೆ ಕಟ್ಟುವ ದೀಪ ಇದಕ್ಕೆ ಹೇಳಿ ಮಾಡಿಸಿದಂತಿದೆ. ಕೈದೀಪವನ್ನು ಸೊಂಟದ ಬಳಿ ಹಿಡಿದು ಹುಡುಕಿದರೆ ಪಟ್ಟಿಯ ಹೊಳಪು ಬಹಳವಾಗಿ ತಗ್ಗುತ್ತದೆ. ಕತ್ತಲಾದ ಮೇಲೆ, ಐವತ್ತು ಹೆಜ್ಜೆಗಳಾಚೆ, ಹುಲ್ಲಿನ ನಡುವೆ ಬೆರಳುಗುರಿನಷ್ಟು ಪಟ್ಟಿ ಬೆಂಕಿಕಿಡಿಯಂತೆ ಹೊಳೆದದ್ದನ್ನು ನಾನು ನೋಡಿದ್ದೇನೆ. ಟ್ಯಾಗ್ ಸೋಲುವ ದೂರದಲ್ಲಿ ಈ ಪಟ್ಟಿ ಗೆದ್ದಿತು, ಅದೂ ಹಗಲಿಗಿಂತ ಇರುಳಿನಲ್ಲಿ. ಎಲೆಯಡಿ ಹುದುಗಿದರೆ ಮಾತ್ರ ಅದಕ್ಕೆ ಉಪಾಯವಿಲ್ಲ.

ಟ್ಯಾಗ್‌ಗಳನ್ನು ಯಾವುದಕ್ಕೆ ನೆಚ್ಚಬಾರದೆಂಬುದನ್ನೂ ಸ್ಪಷ್ಟಪಡಿಸುತ್ತೇನೆ. ಬಂದೂಕು ಮತ್ತು ಗುಂಡುಗಳು ಕಳೆದರೆ ಅದು ಕಾನೂನಿನ ವಿಷಯ, ಪೊಲೀಸರಿಗೆ ತಿಳಿಸಬೇಕಾದದ್ದು. ಅವು ಕಣ್ಣಳತೆಯಿಂದ ದೂರ ಹೋಗದಂತೆ ನೋಡಿಕೊಳ್ಳುವ ಹೊಣೆಯನ್ನು ಯಾವ ಸಾಧನಕ್ಕೂ ಒಪ್ಪಿಸಲಾಗದು. ಬಾಣಗಳಿಗೆ ಎಲೆಕ್ಟ್ರಾನಿಕ್ ಸಾಧನ ಜೋಡಿಸುವುದನ್ನು ಕೆಲವು ಕಡೆಯ ಬೇಟೆಯ ನಿಯಮಗಳು ನಿರ್ಬಂಧಿಸುತ್ತವೆ, ಮೊದಲು ನಿಯಮ ಓದಬೇಕು. ಬೇಟೆನಾಯಿಯ ಕೊರಳಿಗೂ ಇದು ಸಲ್ಲದು. ಅದಕ್ಕೆಂದೇ ಇರುವ ಪಟ್ಟಿಗಳು ಜಿಪಿಎಸ್ ಹೊಂದಿದ್ದು, 150 ಮೆಗಾಹರ್ಟ್ಸ್ ಆಸುಪಾಸಿನ ಉದ್ದ ಅಲೆಗಳಲ್ಲಿ ನೇರವಾಗಿ ಕೈಯಲ್ಲಿನ ಸಾಧನಕ್ಕೆ ಸ್ಥಾನ ಕಳುಹಿಸುತ್ತವೆ, ಆ ಅಲೆಗಳು ಗಿಡಮರಗಳನ್ನು ದಾಟಿ ಕಿಲೋಮೀಟರುಗಳಷ್ಟು ಸಾಗುತ್ತವೆ. ಕದ್ದು ಹಿಂಬಾಲಿಸುವುದನ್ನು ತಡೆಯಲೆಂದು ಏರ್‌ಟ್ಯಾಗ್‌ನಂಥವು ಒಡೆಯನಿಂದ 8ರಿಂದ 24 ಗಂಟೆ ದೂರವಿದ್ದು ಅಲುಗಾಡಿದರೆ ತಾವಾಗಿಯೇ ಕೂಗುತ್ತವೆ ಎಂಬುದೂ ತಿಳಿದಿರಲಿ. ನಿಮ್ಮ ದುರ್ಬೀನನ್ನು ಜೊತೆಗಾರರಿಗೆ ಎರವಲು ಕೊಟ್ಟರೆ ಅವರು ಹೊಂಚು ಕುಳಿತಿರುವಾಗ ಆ ಸದ್ದು ಏಳಬಹುದು. ಇದು ಒಳ್ಳೆಯ ಉದ್ದೇಶದ ವ್ಯವಸ್ಥೆ, ಅದನ್ನು ತಪ್ಪಿಸುವ ದಾರಿ ಹುಡುಕದೆ ಎರವಲು ಕೊಡುವಾಗ ಟ್ಯಾಗ್ ತೆಗೆದು ಕೊಡುವುದೇ ಸರಿ.

ಐದರಲ್ಲಿ ಮೂರು ಅಂಕಗಳನ್ನು ಈ ಕಟ್ಟಿಗೆ ಕೊಡುತ್ತೇನೆ, ಆ ಮೂರೂ ಬಿಟ್ಟುಹೋದಾಗ ಬರುವ ಎಚ್ಚರಿಕೆಗೆ ಸಲ್ಲುತ್ತವೆ. ಹಿಡಿಕೆ ಗಟ್ಟಿಯಾಗಿದ್ದರೆ ಇನ್ನೊಂದನ್ನು ಸೇರಿಸುತ್ತಿದ್ದೆ. ಎದ್ದು ಹೊರಡುವಾಗ ಕುಳಿತ ಜಾಗವನ್ನು ಒಮ್ಮೆ ತಿರುಗಿ ನೋಡುವ ಅಭ್ಯಾಸವಿರುವವರಿಗೆ ಇದು ಬೇಕಾಗಲಾರದು. ಆ ಅಭ್ಯಾಸ ನನ್ನಲ್ಲಿ ಇನ್ನೂ ಬೇರೂರಿಲ್ಲವಾದ್ದರಿಂದ ಮುಂದಿನ ಋತುವಿಗೆ ಟ್ಯಾಗ್‌ಗಳಿಗೆ ಹೊಸ ಬ್ಯಾಟರಿ ಹಾಕಿ ಹೊಲಿದಿಟ್ಟಿದ್ದೇನೆ. ಹೊಸ ಚಾಕುವಿನ ಹಿಡಿ ಕಿತ್ತಳೆ ಬಣ್ಣದ್ದು.