ಹಳೆಯ ಫೋನು, ಫೈಫಾಕ್ಸ್ ಮತ್ತು ನನ್ನ ಮಗಳು: ವರ್ಷಗಟ್ಟಲೆ ಬಳಸಿದ ಮೇಲೆ ಬರೆದದ್ದು

ಗ್ಯಾಜೆಟ್ ಅಂದರೆ ನನಗೆ ಮೊದಲಿಂದಲೂ ಪ್ರೀತಿ. ಕೈಗೆ ಕಟ್ಟಿದ ವಾಚು ನಾಡಿ ಎಣಿಸುತ್ತದೆ ಅಂದರೆ ಅಷ್ಟಕ್ಕೆ ಸಮಾಧಾನವಾಗುವುದಿಲ್ಲ, ಹೇಗೆ ಎಣಿಸುತ್ತದೆ ಅಂತ ಗೊತ್ತಾಗಬೇಕು. (ಹಸಿರು ಬೆಳಕನ್ನು ಚರ್ಮದ ಮೇಲೆ ಬಿಡುತ್ತದೆ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಪ್ರತಿ ಬಡಿತಕ್ಕೂ ರಕ್ತ ಜಾಸ್ತಿ ಬಂದಾಗ ವಾಪಸ್ ಬರುವ ಬೆಳಕು ಕಡಿಮೆಯಾಗುತ್ತದೆ. ಆ ಏರಿಳಿತವನ್ನೇ ವಾಚು ಎಣಿಸುವುದು.) ಮಗಳಿಗೂ ಇದೇ ಗುಣ ಬಂದಿದೆ. ನನಗಂತೂ ಅದು ದೊಡ್ಡ ಖುಷಿ.

ನಮ್ಮ ಮನೆಯಲ್ಲಿ ಟ್ಯಾಬ್ ಇದೆ, ಇ-ರೀಡರ್ ಇದೆ, ವಾಚ್ ಇದೆ. ಎಲ್ಲವೂ ದಿನಾ ಬಳಕೆಯಲ್ಲಿವೆ. ಆದರೆ ಮಗಳ ಕಲಿಕೆಗೆ ಯಾವುದು ಹೆಚ್ಚು ಒದಗಿಬಂತು ಅಂತ ಯಾರಾದರೂ ಕೇಳಿದರೆ ನಾನು ತೋರಿಸುವುದು ಡ್ರಾಯರಿನಲ್ಲಿ ಬಿದ್ದಿದ್ದ ಒಂದು ಹಳೆಯ ಆಂಡ್ರಾಯ್ಡ್ ಫೋನನ್ನು. ಅದರಲ್ಲಿ ಸಿಮ್ ಇಲ್ಲ, ಆಟಗಳಿಲ್ಲ, ವಿಡಿಯೋ ಆ್ಯಪ್‌ಗಳಿಲ್ಲ. ಫೈಫಾಕ್ಸ್ ಅನ್ನುವ ಒಂದೇ ಆ್ಯಪ್ ಇದೆ. ಈ ವಿಮರ್ಶೆ ಆ ಜೋಡಿಯ ಬಗ್ಗೆ.

ಫೈಫಾಕ್ಸ್ ಮಾಡಿದವರು ಜರ್ಮನಿಯ ಆಖೆನ್ ನಗರದ ಆರ್‌ಡಬ್ಲ್ಯೂಟಿಎಚ್ ವಿಶ್ವವಿದ್ಯಾಲಯದ ಭೌತಶಾಸ್ತ್ರದವರು. 2016ರಲ್ಲಿ ಹೊರಬಂತು. ಆಂಡ್ರಾಯ್ಡ್‌ಗೂ ಇದೆ, ಐಫೋನ್‌ಗೂ ಇದೆ. ದುಡ್ಡು ಕೊಡಬೇಕಿಲ್ಲ, ಜಾಹೀರಾತು ಇಲ್ಲ, ಖಾತೆ ತೆರೆಯಬೇಕಿಲ್ಲ. ಮೂಲ ಕೋಡ್ ಯಾರು ಬೇಕಾದರೂ ನೋಡುವ ಹಾಗೆ ತೆರೆದಿಟ್ಟಿದ್ದಾರೆ. ಮಕ್ಕಳ ಕೈಗೆ ಕೊಡುವ ಆ್ಯಪ್‌ನಲ್ಲಿ ನಾನು ಮೊದಲು ನೋಡುವುದು ಇವನ್ನೇ.

ಇದು ಮಾಡುವ ಕೆಲಸ ಸರಳ. ಫೋನಿನ ಒಳಗೆ ಎಷ್ಟೊಂದು ಸೆನ್ಸರ್‌ಗಳಿರುತ್ತವೆ, ಅಲ್ವಾ? ಸ್ಕ್ರೀನ್ ತಿರುಗಿಸಲು ಒಂದು, ದಿಕ್ಕು ತೋರಿಸಲು ಒಂದು, ಕಿವಿಗೆ ಹಿಡಿದಾಗ ಸ್ಕ್ರೀನ್ ಆರಿಸಲು ಇನ್ನೊಂದು. ಅವು ಸದಾ ಏನೋ ಅಳೆಯುತ್ತಲೇ ಇರುತ್ತವೆ. ಆ ಅಂಕಿಗಳು ನಮ್ಮ ಕಣ್ಣಿಗೆ ಬೀಳುವುದಿಲ್ಲ ಅಷ್ಟೇ. ಫೈಫಾಕ್ಸ್ ಅವನ್ನು ಹೊರಗೆ ತಂದು ಗ್ರಾಫ್ ಮಾಡಿ ತೋರಿಸುತ್ತದೆ.

ಶುರು ಮಾಡುವವರಿಗೆ ನಾನು ಹೇಳುವ ಮೊದಲ ಪ್ರಯೋಗದಲ್ಲಿ ಏನೂ ಮಾಡುವುದೇ ಇಲ್ಲ. ಫೋನನ್ನು ಮೇಜಿನ ಮೇಲೆ ಸುಮ್ನೆ ಮಲಗಿಸಿ. ಗುರುತ್ವವನ್ನೂ ಸೇರಿಸಿ ವೇಗೋತ್ಕರ್ಷ (ಅಂದರೆ ವೇಗ ಎಷ್ಟು ಬೇಗ ಬದಲಾಗುತ್ತಿದೆ ಅನ್ನುವುದು) ತೋರಿಸುವ ಪ್ರಯೋಗವನ್ನು ತೆರೆಯಿರಿ. ಒಂದು ಗೆರೆ 9.8ರ ಹತ್ತಿರ ನೆಟ್ಟಗೆ ನಿಲ್ಲುತ್ತದೆ. ಮಗಳು ಕೂಡಲೇ ಹಿಡಿದಳು: "ಅಪ್ಪಾ, ಇದು ಅಲ್ಲಾಡ್ತಾನೇ ಇಲ್ಲ. ಮತ್ತೆ 9.8 ಎಲ್ಲಿಂದ ಬಂತು?"

ಈ ಒಂದು ಪ್ರಶ್ನೆಯ ಮೇಲೆ ನಾವು ಎಷ್ಟೋ ಸಂಜೆಗಳನ್ನು ಕಳೆದಿದ್ದೇವೆ. ಸೆನ್ಸರಿನ ಒಳಗೆ ಸಿಲಿಕಾನಿನಲ್ಲಿ ಕೆತ್ತಿದ ಅತಿ ಸಣ್ಣ ತೂಕವೊಂದು ಇದೆ. ಅದು ತೆಳುವಾದ ಸ್ಪ್ರಿಂಗ್‌ಗಳ ಮೇಲೆ ನಿಂತಿದೆ. ಫೋನು ಮೇಜಿನ ಮೇಲೆ ಕೂತಿದ್ದಾಗ ಭೂಮಿ ಆ ತೂಕವನ್ನು ಕೆಳಗೆ ಎಳೆಯುತ್ತದೆ, ಸ್ಪ್ರಿಂಗ್ ಬಾಗುತ್ತದೆ. ಸೆನ್ಸರ್ ಅಳೆಯುವುದು ಆ ಬಾಗನ್ನು, 9.8 ಅನ್ನುವುದು ಭೂಮಿಯ ಗುರುತ್ವದ ಬೆಲೆ. ಹಾಗಾದರೆ ಫೋನು ಬೀಳುತ್ತಿರುವಾಗ? ತೂಕವೂ ಬೀಳುತ್ತದೆ, ಸ್ಪ್ರಿಂಗೂ ಬೀಳುತ್ತದೆ, ಬಾಗಲು ಕಾರಣವೇ ಇಲ್ಲ. ಗೆರೆ ಸೊನ್ನೆಗೆ ಬರಬೇಕು. ದಪ್ಪ ಹಾಸಿಗೆಯ ಮೇಲೆ ದಿಂಬುಗಳನ್ನು ಹರಡಿ ಫೋನನ್ನು ಕೈಬಿಟ್ಟೆವು. ಗಾಳಿಯಲ್ಲಿದ್ದ ಆ ಒಂದು ಚೂರು ಹೊತ್ತು ಗೆರೆ ಸೊನ್ನೆಗೆ ಇಳಿದಿತ್ತು. ಆಮೇಲೆ ಹಾಸಿಗೆಗೆ ತಾಗಿದಾಗ ಎದ್ದ ದೊಡ್ಡ ಮೊನೆ.

ಅಲ್ಲಿಂದ ಮಗಳು ನೇರವಾಗಿ ಬಾಹ್ಯಾಕಾಶಕ್ಕೆ ಹೋದಳು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರುವುದು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿ ಗುರುತ್ವ ಇಲ್ಲಿನದರ ಶೇಕಡಾ 90ರಷ್ಟು ಇದ್ದೇ ಇದೆ. ಆದರೂ ಗಗನಯಾತ್ರಿಗಳು ತೇಲುತ್ತಾರೆ, ಯಾಕೆಂದರೆ ಅವರೂ ನಿಲ್ದಾಣವೂ ಒಟ್ಟಿಗೆ ಬೀಳುತ್ತಲೇ ಇರುತ್ತಾರೆ. ದಿಂಬಿನ ಮೇಲೆ ಬಿದ್ದ ಫೋನಿನ ಗ್ರಾಫನ್ನು ತೋರಿಸಿ ಇದನ್ನು ಅವಳೇ ನನಗೆ ವಿವರಿಸಿದಳು. ಒಂದು ಗ್ಯಾಜೆಟ್‌ನಿಂದ ನಾನು ಇದಕ್ಕಿಂತ ಹೆಚ್ಚೇನೂ ಕೇಳುವುದಿಲ್ಲ.

ಲೋಲಕದ ಪ್ರಯೋಗ ನಮ್ಮ ಮನೆಯಲ್ಲಿ ಅತಿ ಹೆಚ್ಚು ಸಲ ಆಗಿರುವುದು. ಫೋನನ್ನು ಬಟ್ಟೆಯ ಚೀಲದಲ್ಲಿಟ್ಟು ಎರಡು ದಾರಗಳಿಂದ ತೂಗಿಬಿಡಿ. ಎರಡು ದಾರ ಬೇಕು, ಒಂದೇ ಇದ್ದರೆ ಚೀಲ ತಿರುಚಿಕೊಳ್ಳುತ್ತದೆ. ಉದ್ದವನ್ನು ಫೋನಿನ ನಡುಭಾಗದವರೆಗೆ ಅಳೆಯಿರಿ. 25 ಸೆಂಟಿಮೀಟರ್ ಉದ್ದಕ್ಕೆ ಒಂದು ಸಲ ಹೋಗಿಬರಲು ಸುಮಾರು 1 ಸೆಕೆಂಡ್ ಬೇಕು. ಉದ್ದವನ್ನು ನಾಲ್ಕು ಪಟ್ಟು ಮಾಡಿ 1 ಮೀಟರಿಗೆ ತಂದರೆ ಎಷ್ಟಾಗಬಹುದು ಅಂತ ಕೇಳಿದೆ. 4 ಸೆಕೆಂಡ್ ಅಂದಳು. ಗ್ರಾಫ್ 2 ಅಂದಿತು. ನಂಬಲಿಲ್ಲ. ಮತ್ತೆ ಅಳೆದಳು, ದಾರ ಬದಲಿಸಿದಳು, ಚೀಲಕ್ಕೆ ಭಾರ ಹಾಕಿದಳು. 2 ಬದಲಾಗಲಿಲ್ಲ. ವರ್ಗಮೂಲ ಅನ್ನುವುದು ಅವಳಿಗೆ ಪಾಠದಲ್ಲಿ ಬರುವ ಮುಂಚೆಯೇ ಆ ಚೀಲದಲ್ಲಿ ಬಂದಿತ್ತು. ಆ್ಯಪ್‌ಗೆ ಉದ್ದ ಕೊಟ್ಟರೆ ಗುರುತ್ವದ ಬೆಲೆಯನ್ನೂ ಲೆಕ್ಕ ಹಾಕಿ ಕೊಡುತ್ತದೆ. ನಾನು ಮಾತ್ರ ಆ ಪುಟವನ್ನು ಕೊನೆಗೆ ತೆರೆಯಲು ಹೇಳುತ್ತೇನೆ. ಮೊದಲು ಕಾಗದದ ಮೇಲೆ ಅವಳ ಲೆಕ್ಕ, ಆಮೇಲೆ ಆ್ಯಪಿನದು.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಶಬ್ದದ ವೇಗ ಅಳೆಯುವುದು. ಇದಕ್ಕೆ ಎರಡು ಫೋನು, ಇಬ್ಬರು ಜನ, ಒಂದು ಅಳತೆ ಟೇಪು ಸಾಕು. ಫೈಫಾಕ್ಸ್‌ನಲ್ಲಿ ಶಬ್ದ ಕೇಳಿ ಓಡುವ ಸ್ಟಾಪ್‌ವಾಚ್ ಇದೆ: ಮೊದಲ ಸದ್ದಿಗೆ ಶುರು, ಎರಡನೆಯದಕ್ಕೆ ನಿಲ್ಲುತ್ತದೆ. ಎರಡು ಫೋನುಗಳನ್ನು 5 ಮೀಟರ್ ದೂರದಲ್ಲಿಡಿ. ನನ್ನ ಫೋನಿನ ಪಕ್ಕ ನಾನು ಚಪ್ಪಾಳೆ ತಟ್ಟಿದರೆ ನನ್ನದು ಕೂಡಲೇ ಓಡುತ್ತದೆ, ಮಗಳದು ಶಬ್ದ ಅಲ್ಲಿಗೆ ಮುಟ್ಟಿದ ಮೇಲೆ. ಆಮೇಲೆ ಅವಳು ತಟ್ಟಿದರೆ ಅವಳದು ಕೂಡಲೇ ನಿಲ್ಲುತ್ತದೆ, ನನ್ನದು ಸ್ವಲ್ಪ ತಡವಾಗಿ. ಹಾಗಾಗಿ ಎರಡು ಫೋನುಗಳ ಸಮಯಕ್ಕೆ ಇರುವ ವ್ಯತ್ಯಾಸ ಅಂದರೆ ಶಬ್ದ ಹೋಗಿಬರಲು ತೆಗೆದುಕೊಂಡ ಹೊತ್ತು. 10 ಮೀಟರನ್ನು ಅದರಿಂದ ಭಾಗಿಸಿದರೆ ವೇಗ ಸಿಗುತ್ತದೆ. ವ್ಯತ್ಯಾಸ ಬರುವುದು 0.029 ಸೆಕೆಂಡಿನ ಆಸುಪಾಸು. ಕೈಯಿಂದ ಸ್ಟಾಪ್‌ವಾಚ್ ಒತ್ತಿ ಇದನ್ನು ಹಿಡಿಯುವ ಮಾತೇ ಇಲ್ಲ. ಫೋನಿನ ಮೈಕ್ ಒಂದು ಸೆಕೆಂಡಿನಲ್ಲಿ 40 ಸಾವಿರಕ್ಕೂ ಹೆಚ್ಚು ಸಲ ಶಬ್ದವನ್ನು ಅಳೆಯುತ್ತದೆ, ಅದಕ್ಕೇ ಸಾಧ್ಯ.

20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಒಂದೊಂದು ಡಿಗ್ರಿ ಏರಿದಾಗಲೂ ಸುಮಾರು 0.6 ಮೀಟರ್ ಜಾಸ್ತಿಯಾಗುತ್ತದೆ. ನಮ್ಮ ಅಳತೆ ಒಮ್ಮೊಮ್ಮೆ ಬಹಳ ಹತ್ತಿರ ಬರುತ್ತದೆ, ಒಮ್ಮೊಮ್ಮೆ ದೂರ ಹೋಗುತ್ತದೆ. ಯಾಕೆ ದೂರ ಹೋಯಿತು ಅಂತ ಹುಡುಕುವುದೇ ಅರ್ಧ ಪಾಠ. ಚಪ್ಪಾಳೆ ಫೋನಿಗೆ ಎಷ್ಟು ಹತ್ತಿರ ಇತ್ತು? ಟೇಪು ಸಡಿಲವಾಗಿತ್ತಾ? ಗೋಡೆಯಿಂದ ಪ್ರತಿಧ್ವನಿ ಬಂತಾ? ದೂರವನ್ನು ಹೆಚ್ಚಿಸಿದರೆ ಟೇಪಿನ ಸಣ್ಣ ತಪ್ಪು ಉತ್ತರವನ್ನು ಅಷ್ಟಾಗಿ ಕೆಡಿಸುವುದಿಲ್ಲ ಅನ್ನುವುದನ್ನು ಮಗಳು ತಾನಾಗಿಯೇ ಕಂಡುಕೊಂಡಳು.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಪುಟಿಯುವ ಚೆಂಡಿನ ಟಪ್ ಟಪ್ ಸದ್ದನ್ನು ಮಾತ್ರ ಕೇಳಿ ಅದು ಎಷ್ಟು ಎತ್ತರಕ್ಕೆ ಹಾರಿತು, ಪ್ರತಿ ಪುಟಿತಕ್ಕೆ ಎಷ್ಟು ಶಕ್ತಿ ಕಳೆದುಕೊಂಡಿತು ಅಂತ ಆ್ಯಪ್ ಹೇಳುತ್ತದೆ. ಎರಡು ಸದ್ದಿನ ನಡುವೆ 0.8 ಸೆಕೆಂಡ್ ಇದ್ದರೆ ಚೆಂಡು ಸುಮಾರು 78 ಸೆಂಟಿಮೀಟರ್ ಎತ್ತರಕ್ಕೆ ಹೋಗಿದೆ ಅಂತ ಅರ್ಥ. ವಾಯುಭಾರದ ಸೆನ್ಸರ್ ಇರುವ ಫೋನಾದರೆ ಲಿಫ್ಟಿನಲ್ಲಿ ಎತ್ತರ, ವೇಗ ಎರಡೂ ಗ್ರಾಫ್ ಆಗುತ್ತವೆ. ನೆಲದ ಹತ್ತಿರ ಪ್ರತಿ ಮೀಟರ್ ಏರಿದಾಗ ಒತ್ತಡ ಸುಮಾರು 0.12 ಹೆಕ್ಟೋಪಾಸ್ಕಲ್ ಇಳಿಯುತ್ತದೆ. ಅಷ್ಟು ಸಣ್ಣ ಬದಲಾವಣೆಯನ್ನು ಫೋನು ಹಿಡಿಯುತ್ತದೆ ಅನ್ನುವುದು ನನಗೆ ಇವತ್ತಿಗೂ ಆಶ್ಚರ್ಯ. ಶಬ್ದದ ಸ್ಪೆಕ್ಟ್ರಮ್ (ಒಂದು ಸದ್ದಿನಲ್ಲಿ ಯಾವ ಯಾವ ಕಂಪನಗಳು ಎಷ್ಟೆಷ್ಟು ಬೆರೆತಿವೆ ಅನ್ನುವ ಗ್ರಾಫ್) ನೋಡಲು ಸಣ್ಣ ಮಕ್ಕಳೂ ಸೇರಿಕೊಳ್ಳುತ್ತಾರೆ. ಸಿಳ್ಳೆ ಹಾಕಿದರೆ ಒಂದೇ ಒಂದು ಮೊನೆ ಏಳುತ್ತದೆ, 'ಆ' ಅಂತ ಹಾಡಿದರೆ ಸಾಲುಸಾಲಾಗಿ ಹಲವು ಏಳುತ್ತವೆ. ಒಂದೇ ಸ್ವರವನ್ನು ಇಬ್ಬರು ಹಾಡಿದರೂ ದನಿ ಬೇರೆ ಯಾಕೆ ಅನ್ನುವುದು ಆ ಸಾಲಿನಲ್ಲೇ ಕಾಣುತ್ತದೆ.

ದಿನನಿತ್ಯದ ಬಳಕೆಯಲ್ಲಿ ನಾನು ಹೆಚ್ಚು ಮೆಚ್ಚಿದ ಸೌಲಭ್ಯ ರಿಮೋಟ್ ಆಕ್ಸೆಸ್. ಫೋನು ಚೀಲದಲ್ಲಿ ತೂಗುತ್ತಿರುವಾಗ ಅದರ ಸ್ಕ್ರೀನ್ ಕಾಣುವುದಿಲ್ಲ. ಅದೇ ವೈಫೈನಲ್ಲಿರುವ ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ ಆ್ಯಪ್ ಕೊಡುವ ವಿಳಾಸ ಹಾಕಿದರೆ ಗ್ರಾಫ್ ಅಲ್ಲೇ ಓಡುತ್ತದೆ, ಶುರು ಮಾಡುವುದು ನಿಲ್ಲಿಸುವುದು ಕೂಡ ಅಲ್ಲಿಂದಲೇ. ಕೆಲಸ ಮುಗಿದ ಮೇಲೆ ಅದನ್ನು ಆಫ್ ಮಾಡಿ, ಯಾಕೆಂದರೆ ಅದೇ ನೆಟ್‌ವರ್ಕಿನಲ್ಲಿರುವ ಬೇರೆಯವರಿಗೂ ಅದು ಸಿಗುತ್ತದೆ. ಅಂಕಿಗಳನ್ನು ಎಕ್ಸೆಲ್ ಅಥವಾ ಸಿಎಸ್‌ವಿ ಫೈಲ್ ಆಗಿ ತೆಗೆದುಕೊಳ್ಳಬಹುದು. ಸ್ಪ್ರೆಡ್‌ಶೀಟ್ ಅನ್ನು ಮಗಳು ಕಲಿತದ್ದೇ ಹೀಗೆ, ತನ್ನದೇ ಅಂಕಿಗಳಿಂದ.

ಸ್ಕ್ರೀನ್ ಟೈಮ್ ಬಗ್ಗೆ ತಂದೆತಾಯಂದಿರಿಗೆ ಇರುವ ಚಿಂತೆ ನನಗೂ ಇದೆ. ಆದರೆ ಗಂಟೆಗಳನ್ನು ಮಾತ್ರ ಎಣಿಸುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಲೋಲಕದ ಪ್ರಯೋಗಕ್ಕೆ ಒಂದು ಇಡೀ ಮಧ್ಯಾಹ್ನ ಹೋದರೂ ಸ್ಕ್ರೀನ್ ನೋಡುವುದು ನಡುನಡುವೆ ಸ್ವಲ್ಪ ಹೊತ್ತು ಮಾತ್ರ. ಉಳಿದ ಸಮಯ ಗಂಟು ಹಾಕುವುದು, ಅಳೆಯುವುದು, ಬರೆಯುವುದು, ವಾದ ಮಾಡುವುದು. ಫೋನು ಅಂದರೆ ನೋಡುತ್ತಾ ಕೂರುವ ವಸ್ತು ಅನ್ನುವ ಭಾವನೆ ಅವಳಿಗೆ ಕಡಿಮೆ. ಅವಳಿಗೆ ಅದು ಸ್ಕೇಲು, ಥರ್ಮಾಮೀಟರಿನ ಸಾಲಿಗೆ ಸೇರಿದ ಸಾಮಾನು. ಇದು ತಾನಾಗಿ ಆಗಲಿಲ್ಲ. ಮೊದಮೊದಲು ನಾನು ಪಕ್ಕದಲ್ಲೇ ಕೂತು ಜೊತೆಗೆ ಮಾಡಿದೆ. ಮಗುವಿನ ಕೈಗೆ ಕೊಟ್ಟು ಎದ್ದುಹೋದರೆ ಇದು ಅಲ್ಲಾಡುವ ಗೆರೆಗಳ ಆ್ಯಪ್, ಸ್ವಲ್ಪ ಹೊತ್ತಿಗೇ ಬೇಜಾರಾಗುತ್ತದೆ. ನಾವು ಇಟ್ಟುಕೊಂಡಿರುವ ನಿಯಮ ಒಂದೇ: ಅಳೆಯುವ ಮೊದಲು ಉತ್ತರ ಎಷ್ಟಿರಬಹುದು ಅಂತ ಇಬ್ಬರೂ ಊಹಿಸಿ ಕಾಗದದ ಮೇಲೆ ಬರೆಯಬೇಕು.

ಇನ್ನು ತೊಂದರೆಗಳು. ದೊಡ್ಡ ತೊಂದರೆ ಅಂದರೆ ಎಲ್ಲಾ ಫೋನಿನಲ್ಲೂ ಎಲ್ಲಾ ಸೆನ್ಸರ್ ಇರುವುದಿಲ್ಲ. ಲೋಲಕದ ಪ್ರಯೋಗಕ್ಕೆ ಗೈರೋಸ್ಕೋಪ್ (ಫೋನು ಎಷ್ಟು ವೇಗವಾಗಿ ತಿರುಗುತ್ತಿದೆ ಅಂತ ಅಳೆಯುವ ಸೆನ್ಸರ್) ಬೇಕು, ಅಗ್ಗದ ಎಷ್ಟೋ ಫೋನುಗಳಲ್ಲಿ ಅದಿಲ್ಲ. ವಾಯುಭಾರದ ಸೆನ್ಸರ್ ಇನ್ನೂ ಅಪರೂಪ. ಐಫೋನಿನಲ್ಲಿ ಬೆಳಕಿನ ಸೆನ್ಸರಿನ ಅಂಕಿಗಳು ಇಂಥ ಆ್ಯಪ್‌ಗಳಿಗೆ ಸಿಗುವುದಿಲ್ಲ. ಹಾಗಾಗಿ ಹಳೆಯ ಫೋನು ಆರಿಸುವಾಗ ಆ್ಯಪ್ ಹಾಕಿ ಪಟ್ಟಿ ನೋಡಿ, ಕೆಲಸ ಮಾಡದ ಪ್ರಯೋಗಗಳು ಮಸುಕಾಗಿ ಕಾಣುತ್ತವೆ. ಅಳತೆಯೂ ಫೋನಿನಿಂದ ಫೋನಿಗೆ ಸ್ವಲ್ಪ ಬೇರೆ. ಮೇಜಿನ ಮೇಲೆ ಒಂದು ಫೋನು 9.7 ತೋರಿಸಿದರೆ ಇನ್ನೊಂದು 9.9 ತೋರಿಸಬಹುದು. ಅಯಸ್ಕಾಂತ ಇರುವ ಕವರ್ ಹಾಕಿದ್ದರೆ ಕಾಂತಕ್ಷೇತ್ರದ ಪ್ರಯೋಗ ಮಾಡಲೇಬೇಡಿ. ಭೂಮಿಯ ಕಾಂತಕ್ಷೇತ್ರ 25ರಿಂದ 65 ಮೈಕ್ರೋಟೆಸ್ಲಾ ಮಾತ್ರ, ಕವರಿನ ಮುಂದೆ ಅದು ಕಳೆದೇ ಹೋಗುತ್ತದೆ. ಶಬ್ದದ ಸ್ಟಾಪ್‌ವಾಚ್‌ಗೆ ಎಷ್ಟು ಜೋರಾದ ಸದ್ದಿಗೆ ಓಡಬೇಕು ಅಂತ ಮೊದಲೇ ಹೊಂದಿಸಬೇಕು. ಫ್ಯಾನ್ ಓಡುತ್ತಿದ್ದರೆ ಅದೇ ಗಡಿಯಾರವನ್ನು ಶುರು ಮಾಡಿಬಿಡುತ್ತದೆ.

ಹಳೆಯ ಫೋನಿನ ಬ್ಯಾಟರಿಯ ಬಗ್ಗೆ ಎಚ್ಚರ ಇರಲಿ. ಹಿಂಭಾಗ ಉಬ್ಬಿದ್ದರೆ, ಸ್ಕ್ರೀನ್ ಮೇಲೆದ್ದಿದ್ದರೆ ಆ ಫೋನು ಮಗುವಿನ ಕೈಗೆ ಬೇಡ, ಚಾರ್ಜಿಗೂ ಹಾಕಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಚೆನ್ನಾಗಿರುವ ಫೋನಾದರೂ ತಿಂಗಳುಗಟ್ಟಲೆ ಪೂರ್ತಿ ಚಾರ್ಜ್ ಮಾಡಿ ಇಡುವುದಕ್ಕಿಂತ ಅರ್ಧದಷ್ಟು ಚಾರ್ಜಿನಲ್ಲಿ ಇಡುವುದು ಬ್ಯಾಟರಿಗೆ ಒಳ್ಳೆಯದು.

ಯಾವ ವಯಸ್ಸಿಗೆ? ನನ್ನ ಅನುಭವದಲ್ಲಿ ಹತ್ತು ದಾಟಿದ ಮಕ್ಕಳಿಗೆ ಗ್ರಾಫ್ ಅರ್ಥವಾಗುತ್ತದೆ. ಅದಕ್ಕಿಂತ ಚಿಕ್ಕವರಿಗೆ ಶಬ್ದದ ಪ್ರಯೋಗಗಳು ಸಾಕು. ಹೈಸ್ಕೂಲು, ಕಾಲೇಜಿನವರಿಗೂ ಇದರಲ್ಲಿ ಕೆಲಸ ಬೇಕಾದಷ್ಟಿದೆ, ಬ್ಲೂಟೂತ್ ಮೂಲಕ ಹೊರಗಿನ ಸೆನ್ಸರ್‌ಗಳನ್ನೂ ಜೋಡಿಸಬಹುದು, ಬೇಕಾದ ಪ್ರಯೋಗವನ್ನು ತಾವೇ ಕಟ್ಟಬಹುದು. ಐದಕ್ಕೆ ಐದು ಕೊಡುತ್ತೇನೆ, ಅನುಮಾನವೇ ಇಲ್ಲದೆ.

ಸದ್ಯ ಮಗಳು ಮತ್ತೆ ಲೋಲಕಕ್ಕೆ ಮರಳಿದ್ದಾಳೆ. ಸ್ವಲ್ಪ ತೂಗಿದರೂ ಜೋರಾಗಿ ತೂಗಿದರೂ ಸಮಯ ಒಂದೇ ಅಂತ ಅವಳು ಓದಿದ್ದಳು. ಅವಳ ಗ್ರಾಫಿನಲ್ಲಿ ಹಾಗಿಲ್ಲ: ಅಗಲವಾಗಿ ತೂಗಿದಾಗ ಸಮಯ ಚೂರು ಜಾಸ್ತಿ ಬರುತ್ತಿದೆ. ಗ್ರಾಫ್ ಹೇಳುವುದೇ ಸರಿ. 60 ಡಿಗ್ರಿಯಿಂದ ಬಿಟ್ಟರೆ ಸಮಯ ಸುಮಾರು ಶೇಕಡಾ 7ರಷ್ಟು ಹೆಚ್ಚಾಗುತ್ತದೆ. ನಾನು ಇದನ್ನು ಅವಳಿಗೆ ಇನ್ನೂ ಹೇಳಿಲ್ಲ. ಅವಳು ಕೋನಮಾಪಕ ಹಿಡಿದು ಐದೈದು ಡಿಗ್ರಿಗೆ ಒಂದರಂತೆ ಪಟ್ಟಿ ಮಾಡುತ್ತಿದ್ದಾಳೆ.