ಶಿಮ್ಲಾದಿಂದ ಸ್ಪಿತಿ ಸುತ್ತಿ ಮನಾಲಿಗೆ: ಚಾಲಕಸಹಿತ ಟೆಂಪೋ ಟ್ರಾವೆಲರ್ ಬಾಡಿಗೆ ಸೇವೆ ಹೇಗಿತ್ತು?

ಹಿಮಾಚಲ ಪ್ರದೇಶದ ಕಿನ್ನೌರ್ ಮತ್ತು ಸ್ಪಿತಿ ಕಣಿವೆಗಳನ್ನು ಶಿಮ್ಲಾದ ಕಡೆಯಿಂದ ಹೊಕ್ಕು ಮನಾಲಿಯ ಕಡೆಗೆ ಇಳಿಯುವ ಪ್ರವಾಸಕ್ಕೆಂದು ನಾವು ಬೆಂಗಳೂರಿನ ಗೆಳೆಯರು ಸೇರಿ, ಶಿಮ್ಲಾದ ಟ್ರಾವೆಲ್ಸ್ ಒಂದರಿಂದ 12 ಸೀಟಿನ ಟೆಂಪೋ ಟ್ರಾವೆಲರ್ ಒಂದನ್ನು ಚಾಲಕನ ಸಮೇತ ಬಾಡಿಗೆಗೆ ಪಡೆದಿದ್ದೆವು. ಊಟ, ವಸತಿಗಳನ್ನು ನಾವೇ ನೋಡಿಕೊಂಡೆವು. ವಾಹನ, ಡೀಸೆಲ್, ಚಾಲಕನ ಬಾಟಾ, ಟೋಲ್, ಪಾರ್ಕಿಂಗ್ ಇವಿಷ್ಟೇ ಒಪ್ಪಂದದಲ್ಲಿದ್ದವು. ಈ ಹಾದಿಯಲ್ಲಿ ಹಣ ಕೊಡುವುದು ಹೆಸರಿಗೆ ವಾಹನಕ್ಕಾದರೂ ಪ್ರವಾಸದ ಸುಖದುಃಖಗಳು ನಿಂತಿರುವುದು ಚಾಲಕನ ವಿವೇಚನೆಯ ಮೇಲೆ ಎಂಬುದು ನನ್ನ ಅಭಿಪ್ರಾಯ. ಆ ಅಳತೆಯಲ್ಲಿ ನೋಡಿದರೆ ಈ ಸೇವೆ ಉತ್ತಮವಾಗಿತ್ತು, ಆದರೆ ವಾಹನದ ವಿಷಯದಲ್ಲಿಯೂ ಕಾಗದಪತ್ರದ ವಿಷಯದಲ್ಲಿಯೂ ಅಷ್ಟೇ ಮೆಚ್ಚುಗೆಯ ಮಾತನ್ನು ಹೇಳಲಾರೆ.

ಮೊದಲಿಗೆ ತಿಂಗಳಿನ ಮಾತು. ನಮ್ಮ ಕಡೆ ಬೇಸಿಗೆ ರಜೆಯೆಂದರೆ ಏಪ್ರಿಲ್, ಮೇ. ಆದರೆ ಸ್ಪಿತಿಯನ್ನು ಮನಾಲಿಯ ಕಡೆಗೆ ಬೆಸೆಯುವ ಕುಂಜುಮ್ ಕಣಿವೆದಾರಿ ಸುಮಾರು 4,550 ಮೀಟರ್ ಎತ್ತರದಲ್ಲಿರುವುದರಿಂದ, ಅಲ್ಲಿನ ಹಿಮ ತೆಗೆದು ರಸ್ತೆ ತೆರೆಯುವಷ್ಟರಲ್ಲಿ ಸಾಮಾನ್ಯವಾಗಿ ಮೇ ಕೊನೆಯೋ ಜೂನ್ ತಿಂಗಳೋ ಆಗಿರುತ್ತದೆ. ನಾವು ಮೇ ಮೊದಲ ವಾರವೆಂದು ಕೇಳಿದಾಗ, ವಿಚಾರಿಸಿದ ಬೇರೆ ಒಂದೆರಡು ಕಡೆಯವರು ಮರುಮಾತಿಲ್ಲದೆ ಮುಂಗಡ ಕೇಳಿದರು. ಈ ಟ್ರಾವೆಲ್ಸಿನವರು ಮಾತ್ರ, ಆಗ ಹೋದರೆ ಸ್ಪಿತಿಯ ಮುಖ್ಯ ಪಟ್ಟಣವಾದ ಕಾಜಾ ಮುಟ್ಟಿ ಅದೇ ದಾರಿಯಲ್ಲಿ ಹಿಂದಿರುಗಬೇಕಾದೀತು, ಚಂದ್ರತಾಲ್ ಸರೋವರದ ಆಸೆ ಬಿಡಬೇಕು, ಜೂನ್ ನಡುವಿಗೆ ಬನ್ನಿ ಎಂದು ಬಿಡಿಸಿ ಹೇಳಿದರು. ಕೈಗೆ ಬಂದ ಗಿರಾಕಿಗೆ ಒಂದು ತಿಂಗಳು ತಡೆಯಿರಿ ಎನ್ನುವವರು ವಿರಳ. ನಾವು ಇವರನ್ನು ಆರಿಸಿಕೊಂಡದ್ದು ಅದೇ ಕಾರಣಕ್ಕೆ.

ಹಾದಿಯ ದಿಕ್ಕನ್ನೂ ಅವರೇ ಸೂಚಿಸಿದರು. ಮನಾಲಿಯಿಂದ ಕಾಜಾಕ್ಕೆ ಸುಮಾರು 200 ಕಿಲೋಮೀಟರ್, ಶಿಮ್ಲಾದಿಂದಾದರೆ ಅದರ ಎರಡರಷ್ಟು. ಹತ್ತಿರದ ದಾರಿಯೇ ಒಳ್ಳೆಯದೆಂದು ಎನಿಸುವುದು ಸಹಜ. ಆದರೆ ಸುಮಾರು 2,000 ಮೀಟರ್ ಎತ್ತರದ ಮನಾಲಿಯಲ್ಲಿ ಬೆಳಿಗ್ಗೆ ಎದ್ದವರು ಮಧ್ಯಾಹ್ನಕ್ಕೆ ಕುಂಜುಮ್ ಏರಿ, ರಾತ್ರಿ 3,600 ಮೀಟರಿಗೂ ಮೇಲಿರುವ ಕಾಜಾದಲ್ಲಿ ಮಲಗಿದರೆ ದೇಹಕ್ಕೆ ತೆಳುಗಾಳಿಗೆ ಒಗ್ಗಿಕೊಳ್ಳಲು ಸಮಯವೇ ಸಿಗುವುದಿಲ್ಲ. ತಲೆನೋವು, ವಾಕರಿಕೆ, ನಿದ್ದೆಗೇಡುಗಳಿಂದ ಮೊದಲುಗೊಂಡು ಅದಕ್ಕಿಂತ ಗಂಭೀರವಾದ ತೊಂದರೆಗಳೂ ಎದುರಾಗಬಹುದು. ಕಿನ್ನೌರಿನ ಕಡೆಯಿಂದ ಹೋದರೆ ನಾರ್ಕಂಡಾ, ಕಲ್ಪಾ, ನಾಕೋ ಎಂದು ಮೆಟ್ಟಿಲೇರಿದ ಹಾಗೆ ಎತ್ತರ ಹೆಚ್ಚುತ್ತ ಹೋಗುತ್ತದೆ. ನಮ್ಮಲ್ಲಿ ಒಬ್ಬರಿಗೆ ನಾಕೋದಲ್ಲಿ ತಲೆ ಸಿಡಿಯತೊಡಗಿದಾಗಲೂ, ಮರುದಿನದ ತಂಗುದಾಣ ಅದಕ್ಕಿಂತ ತಗ್ಗಿನಲ್ಲಿರುವ ತಾಬೋ ಆಗಿದ್ದುದರಿಂದ ತೊಂದರೆ ತಾನಾಗಿಯೇ ಇಳಿಯಿತು. ಜಾಹೀರಾತಿನಲ್ಲಿ ಹೇಳಿದ್ದ ‘ಆಕ್ಸಿಜನ್ ಸೌಲಭ್ಯ’ ಮಾತ್ರ ಸುವಾಸನೆಯ ಸ್ಪ್ರೇ ಡಬ್ಬಿಯಷ್ಟೇ ಗಾತ್ರದ ಒಂದು ಕ್ಯಾನ್; ನಾಲ್ಕು ಬಾರಿ ಎಳೆದುಕೊಳ್ಳುವಷ್ಟರಲ್ಲಿ ಮುಗಿಯುವ ಅದನ್ನು ನಂಬಿ ಯಾರೂ ಹೊರಡಬಾರದು.

ಚಾಲಕರು ಕಿನ್ನೌರಿನವರೇ, ಹಸಿರು ಪಟ್ಟಿಯ ಟೋಪಿ ತೊಟ್ಟ ನಡುವಯಸ್ಸಿನ ಮನುಷ್ಯ. ನಾವೆಲ್ಲ ‘ಭಾಯಿಸಾಬ್’ ಎಂದೇ ಕರೆಯುತ್ತಿದ್ದೆವು. ರಾಷ್ಟ್ರೀಯ ಹೆದ್ದಾರಿ 5 ಸತ್ಲಜ್ ನದಿಯ ಮೇಲೆ, ಬಂಡೆಯನ್ನೇ ಕೊರೆದು ಚಾವಣಿಯಂತೆ ಬಿಟ್ಟಿರುವ ಕಡೆಗಳಲ್ಲಿ ಹಾದುಹೋಗುತ್ತದೆ. ಒಂದು ಬದಿಗೆ ತಲೆಯ ಮೇಲೆ ತೂಗುವ ಕಲ್ಲು, ಇನ್ನೊಂದು ಬದಿಗೆ ತಡೆಗೋಡೆಯಿಲ್ಲದ ಪ್ರಪಾತ. ಆ ದಾರಿಯ ಚಾಲಕರೆಲ್ಲರಂತೆ ಅವರೂ ತರಾಂಡಾ ದೇವಿಯ ಗುಡಿಯ ಮುಂದೆ ವಾಹನ ನಿಲ್ಲಿಸಿ ಕೈಮುಗಿದೇ ಮುಂದೆ ಸಾಗಿದರು. 2021ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಬಸ್ಸೊಂದನ್ನು ಮುಚ್ಚಿಹಾಕಿದ ನಿಗುಲ್ಸರಿ ಇರುವುದೂ ಈ ಹಾದಿಯಲ್ಲೇ. ಇಂಥ ಕಡೆಗಳಲ್ಲಿ ಫೋಟೋಕ್ಕಾಗಿ ನಿಲ್ಲಿಸಿ ಎಂದು ನಮ್ಮವರು ಎಷ್ಟು ಗೋಗರೆದರೂ ಅವರು ಕಿವಿಗೊಡಲಿಲ್ಲ. ಆದರೆ ಸತ್ಲಜ್ ಮತ್ತು ಸ್ಪಿತಿ ನದಿಗಳು ಕೂಡುವ ಖಾಬ್‌ನ ಸೇತುವೆ ದಾಟಿದ ಮೇಲೆ, ಕಲ್ಲು ಉದುರದ ಜಾಗ ನೋಡಿ ತಾವಾಗಿಯೇ ನಿಲ್ಲಿಸಿ, ಸಾಕೆನ್ನುವಷ್ಟು ಹೊತ್ತು ಬಿಟ್ಟರು. ದೇವದಾರು, ಸೇಬಿನ ತೋಟಗಳೆಲ್ಲ ಹಿಂದೆ ಸರಿದು, ಮಳೆಮೋಡ ತಲುಪದ ಬೋಳು ಬೆಟ್ಟಗಳು ಮೊದಲಾಗುವುದು ಈ ಭಾಗದಲ್ಲಿಯೇ. ಪಶ್ಚಿಮ ಘಟ್ಟದ ಹಸಿರಿಗೆ ಒಗ್ಗಿದ ಕಣ್ಣಿಗೆ ಆ ಬೂದು, ಕಂದು, ನೇರಳೆ ಬಣ್ಣದ ಮಣ್ಣುಗೋಡೆಗಳು ಮೊದಲ ಅರ್ಧ ದಿನ ಬರಿದಾಗಿ ಕಂಡು, ಆಮೇಲೆ ಬೇರೇನನ್ನೂ ನೋಡಲು ಬಿಡುವುದಿಲ್ಲ.

ನಿಗದಿತ ಪ್ಯಾಕೇಜುಗಳಲ್ಲಿ ಅರ್ಧ ತಾಸಿಗೆ ಮುಗಿಸುವ ತಾಬೋದ ಬೌದ್ಧ ವಿಹಾರಕ್ಕೆ ಇವರು ಇಡೀ ಮಧ್ಯಾಹ್ನ ಬಿಟ್ಟುಕೊಟ್ಟದ್ದನ್ನು ವಿಶೇಷವಾಗಿ ಹೇಳಬೇಕು. ಕ್ರಿಸ್ತಶಕ 996ರಲ್ಲಿ ಸ್ಥಾಪನೆಯಾದ ಈ ಮಣ್ಣಿನ ವಿಹಾರ ಹೊರಗಿನಿಂದ ನೋಡಿದರೆ ಹಳೆಯ ಕಣಜದಂತೆ ನಿರಾಡಂಬರವಾಗಿದೆ. ಒಳಗೆ ಕಾಲಿಟ್ಟ ಮೇಲೆ ಕತ್ತಲೆಗೆ ಕಣ್ಣು ಹೊಂದಿಕೊಳ್ಳುತ್ತಿದ್ದಂತೆ, ಗೋಡೆಯಿಂದ ಮುಂದಕ್ಕೆ ಚಾಚಿ ಕುಳಿತ ಮಣ್ಣಿನ ಮೂರ್ತಿಗಳೂ ಅವುಗಳ ಕೆಳಗಿನ ಭಿತ್ತಿಚಿತ್ರಗಳೂ ಒಂದೊಂದಾಗಿ ಮೂಡುತ್ತವೆ. ಒಳಗೆ ಛಾಯಾಚಿತ್ರ ತೆಗೆಯುವಂತಿಲ್ಲವಾದ್ದರಿಂದ ಎಲ್ಲರೂ ನೋಡುವ ಕೆಲಸವನ್ನಷ್ಟೇ ಮಾಡಿದೆವು, ಅದೂ ಒಂದು ಲಾಭವೇ.

ನಮ್ಮ ಮುಖ್ಯ ತಕರಾರು ಬಂದದ್ದು ಕಾಜಾದಲ್ಲಿ. ಒಪ್ಪಂದದಲ್ಲಿ ‘ಕಾಜಾ ಸ್ಥಳವೀಕ್ಷಣೆ’ ಎಂದಷ್ಟೇ ಬರೆದಿತ್ತು. ಕೀ ಗೊಂಪಾ ಎಂಬ ಬೌದ್ಧ ವಿಹಾರ, ಕಿಬ್ಬೇರ್ ಹಳ್ಳಿ, ಚಿಚಮ್ ಸೇತುವೆ ಇವು ಅದರೊಳಗೆ ಸೇರುತ್ತವೆ, ಆದರೆ ಲಾಂಗ್ಜಾ, ಹಿಕ್ಕಿಂ, ಕೋಮಿಕ್ ಹಳ್ಳಿಗಳಿಗೆ ಪ್ರತ್ಯೇಕ ಹಣ ಎಂದು ಟ್ರಾವೆಲ್ಸಿನವರು ಫೋನಿನಲ್ಲಿ ಹೇಳಿದರು. ಸ್ಪಿತಿಗೆ ಹೋದವರು ಜಗತ್ತಿನ ಅತಿ ಎತ್ತರದ ಅಂಚೆ ಕಚೇರಿಗಳಲ್ಲೊಂದೆಂದು ಹೆಸರಾದ ಹಿಕ್ಕಿಂನಿಂದ ಮನೆಗೊಂದು ಕಾಗದ ಹಾಕದೆ ಬರುವುದುಂಟೆ? ವಾದ ಮಾಡಿ ಪ್ರಯೋಜನವಿಲ್ಲವೆಂದು ಹಣ ತೆತ್ತೆವು. ಸುಮಾರು 4,400 ಮೀಟರ್ ಎತ್ತರದ ಲಾಂಗ್ಜಾದಲ್ಲಿ ಮಕ್ಕಳು ಅಂಗೈಯಗಲದ ಕಪ್ಪು ಕಲ್ಲುಗಳನ್ನು ಮಾರಲು ಬಂದರು. ಸುರುಳಿ ಸುತ್ತಿದ ಅಮೊನೈಟ್ ಪಳೆಯುಳಿಕೆಗಳು ಅವು, ಹಿಮಾಲಯ ಏಳುವ ಮೊದಲು ಅಲ್ಲಿದ್ದ ಟೆಥಿಸ್ ಸಮುದ್ರದ ಜೀವಿಗಳದು. ಕೊಳ್ಳುವುದು ಬೇಡ, ಕೊಂಡರೆ ನಾಳೆ ಇನ್ನಷ್ಟು ಅಗೆಯುತ್ತಾರೆ ಎಂದು ಭಾಯಿಸಾಬ್ ತಡೆದರು. ಹಣ ಕೇಳಿದ ಕಚೇರಿಯ ಮೇಲಿನ ಸಿಟ್ಟು ಅವರ ಮೇಲೆ ತಿರುಗದಿರಲು ಇಂಥ ನಡವಳಿಕೆಯೇ ಕಾರಣ.

ವಾಹನದ ವಿಷಯಕ್ಕೆ ಬಂದರೆ, ಎಂಜಿನ್, ಬ್ರೇಕು, ಟೈರುಗಳು ನಂಬುವಂತಿದ್ದವು, ಎರಡು ಸ್ಟೆಪ್ನಿಗಳಿದ್ದವು, ಮೇಲಿನ ಕ್ಯಾರಿಯರ್‌ನಲ್ಲಿಟ್ಟ ಚೀಲಗಳಿಗೆ ಟಾರ್ಪಾಲು ಬಿಗಿಯಾಗಿ ಕಟ್ಟಿದ್ದರು. ಆದರೂ ಹೆಬ್ಬಾಗಿಲು ಎರಡು ಬಾರಿ ಬಡಿಯದೆ ಮುಚ್ಚುತ್ತಿರಲಿಲ್ಲ, ಕಿಟಕಿಯ ಸಂದಿನಿಂದ ನುಗ್ಗುವ ಧೂಳು ಮೂಗಿನಿಂದ ಊಟದ ಡಬ್ಬಿಯವರೆಗೆ ಎಲ್ಲೆಲ್ಲೂ ಕೂರುತ್ತಿತ್ತು. ಹಿಂದಿನ ಸಾಲಿನ ಸೀಟುಗಳಂತೂ ಶಿಕ್ಷೆ. ಕಾಜಾ ದಾಟಿದ ಮೇಲೆ ಸರದಿಯಂತೆ ಅಲ್ಲಿ ಕೂರುವ ನಿಯಮ ಮಾಡಿಕೊಳ್ಳದಿದ್ದರೆ ಸ್ನೇಹವೇ ಹಳಸುತ್ತಿತ್ತು.

ಚಾಲಕರ ಕೈಚಳಕ ಪೂರ್ಣವಾಗಿ ಕಂಡದ್ದು ಕುಂಜುಮ್ ಇಳಿದ ಮೇಲೆ ಸಿಗುವ ಬಾತಲ್ ಮತ್ತು ಛತ್ರು ನಡುವಿನ ಹಾದಿಯಲ್ಲಿ. ಅಲ್ಲಿ ರಸ್ತೆಗಿಂತ ಕಲ್ಲುಗಳೇ ಹೆಚ್ಚು, ಹಿಮ ಕರಗಿದ ನೀರು ನಾಲೆಗಳಾಗಿ ಅಡ್ಡ ಹರಿಯುತ್ತದೆ. ಬಿಸಿಲೇರಿದಂತೆ ನೀರೂ ಏರುವುದರಿಂದ ಚಂದ್ರತಾಲ್ ಬಳಿಯ ಟೆಂಟುಗಳಿಂದ ನಸುಕಿನಲ್ಲೇ ಹೊರಡಿಸಿದರು. ಚಳಿಯಲ್ಲಿ ಎಲ್ಲರೂ ಗೊಣಗಿದೆವು. ದೊಡ್ಡದೊಂದು ನಾಲೆಯ ಮುಂದೆ ನಿಲ್ಲಿಸಿ, ನಮ್ಮನ್ನೆಲ್ಲ ಇಳಿಸಿ, ಪ್ಯಾಂಟು ಮಡಚಿ ನೀರಿಗಿಳಿದರು. ಕಾಲಿನಿಂದಲೇ ತಳ ತಡವಿ, ಎರಡು ಬಂಡೆಗಳನ್ನು ಉರುಳಿಸಿ ಗುಂಡಿ ತುಂಬಿಸಿ, ಮೊದಲ ಗೇರಿನಲ್ಲಿ ಎಲ್ಲೂ ತಡೆಯದೆ ಒಂದೇ ವೇಗದಲ್ಲಿ ದಾಟಿಸಿದರು. ನಮ್ಮ ಹಿಂದೆ ಬಂದ ಬಾಡಿಗೆ ಕಾರಿನ ಯುವಕರು ನಡುನೀರಿನಲ್ಲಿ ಗೇರ್ ಬದಲಿಸಲು ಹೋಗಿ ನಿಂತುಬಿಟ್ಟಾಗ, ಹಗ್ಗ ಕಟ್ಟಿ ಎಳೆದವರೂ ಇವರೇ.

ಅಟಲ್ ಸುರಂಗದ 9 ಕಿಲೋಮೀಟರ್ ನುಣುಪು ರಸ್ತೆ ದಾಟಿ ಮನಾಲಿಯಲ್ಲಿ ಲೆಕ್ಕ ಚುಕ್ತಾ ಮಾಡುವಾಗ, ವಾಹನ ಶಿಮ್ಲಾಕ್ಕೆ ಖಾಲಿ ಮರಳುವ ದಿನದ ಬಾಡಿಗೆಯನ್ನೂ ಸೇರಿಸಿದ್ದರು. ಅದು ನ್ಯಾಯವೇ, ಮೊದಲೇ ಹೇಳಿದ್ದರು ಕೂಡ. ಎಂಟು ಹತ್ತು ಮಂದಿಯ ಗುಂಪಿಗೆ ಈ ಸೇವೆಯನ್ನು ಧೈರ್ಯವಾಗಿ ಸೂಚಿಸುತ್ತೇನೆ, ನೋಡಬೇಕಾದ ಹಳ್ಳಿಗಳ ಹೆಸರನ್ನು ಒಂದೊಂದಾಗಿ ಬರೆಸಿಕೊಂಡ ಮೇಲೆಯೇ ಮುಂಗಡ ಕೊಡಬೇಕು. ನಾಲ್ಕೈದು ಮಂದಿಯಾದರೆ ತಳ ನೆಲದಿಂದ ಎತ್ತರದಲ್ಲಿರುವ ಚಿಕ್ಕ ವಾಹನ ವಾಸಿ; ಚಂದ್ರತಾಲ್‌ಗೆ ಹೋಗುವ ಕವಲುದಾರಿಯಲ್ಲಿ ಎದುರಿನಿಂದ ಇನ್ನೊಂದು ವಾಹನ ಬಂದಾಗ, ಟ್ರಾವೆಲರ್‌ನ ಉದ್ದವನ್ನು ಪ್ರಪಾತದ ಅಂಚಿನಲ್ಲಿ ಹಿಮ್ಮುಖವಾಗಿ ಒಯ್ಯುವುದನ್ನು ಒಳಗೆ ಕುಳಿತು ನೋಡುವುದು ಎಲ್ಲರ ಎದೆಗೂ ಹಿಡಿಸುವಂಥದಲ್ಲ.