ಭೂಗೋಳ ಸಂಘದ ಬೇಸಿಗೆ ಕಾರ್ಯಕ್ರಮ: ಐದು ಬಗೆ, ಐದೂ ನಡೆಸಿ ನೋಡಿದ ಹೋಲಿಕೆ

ಬೇಸಿಗೆಯಲ್ಲಿ ಜನರಿಗಾಗಿ ಏನು ಮಾಡೋಣ ಎಂದು ಭೂಗೋಳ ಸಂಘದ ಸಮಿತಿ ಕೂತಾಗ ಮಾತಿಗೆ ಬರುವುದು ಸಾಮಾನ್ಯವಾಗಿ ಐದು: ಸಂಜೆಯ ಉಪನ್ಯಾಸ, ತಿಳಿದವರ ಜೊತೆ ನೆಲ ನೋಡುವ ನಡಿಗೆ, ಮಧ್ಯಾಹ್ನದ ನೆರಳಿನಿಂದ ಭೂಮಿಯ ಸುತ್ತಳತೆ ಕಂಡುಹಿಡಿಯುವುದು, ಸೂರ್ಯ ಮುಳುಗಿದ ಮೇಲೆ ಬೀದಿಬೀದಿಯ ಉಷ್ಣತೆ ಅಳೆಯುವ ಸುತ್ತು, ಎಲ್ಲರೂ ಸೇರಿ, ಯಾರು ಬೇಕಾದರೂ ತಿದ್ದಬಹುದಾದ ಅಂತರಜಾಲದ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ವಿವರ ತುಂಬುವ ನಕ್ಷೆಕೂಟ. ಐದನ್ನೂ ನಡೆಸಿ ನೋಡಿದ ಮೇಲೆ ನಮ್ಮ ಅಭಿಪ್ರಾಯ ಗಟ್ಟಿಯಾಗಿದೆ. ಬಂದವರ ಕೈಗೆ ಅಳತೆಯ ಕೆಲಸ ಕೊಟ್ಟು, ಅವರು ಮನೆಗೆ ಹೊರಡುವ ಮೊದಲೇ ಫಲಿತಾಂಶ ತೋರಿಸುವ ಕಾರ್ಯಕ್ರಮವೇ ಮೇಲು. ಆ ಲೆಕ್ಕದಲ್ಲಿ ಉಷ್ಣತೆಯ ಸುತ್ತು ಮೊದಲು, ನೆರಳಳತೆ ಆಮೇಲೆ. ಉಳಿದ ಮೂರು ಬೇಡವೆಂದಲ್ಲ. ಅವು ಎಲ್ಲಿ ಎಡವುತ್ತವೆ ಎಂದು ತಿಳಿದು ಕೈಹಾಕಬೇಕು.

ಉಪನ್ಯಾಸದ ವಿಷಯ ಬೇಗ ಮುಗಿಸಬಹುದು. 1821ರಲ್ಲಿ ಪ್ಯಾರಿಸ್‌ನಲ್ಲಿ, 1830ರಲ್ಲಿ ಲಂಡನ್‌ನಲ್ಲಿ ಹುಟ್ಟಿದ ಸಂಘಗಳ ಕಾಲದಿಂದಲೂ ಬಂದ ರೂಢಿ ಅದು. ತಯಾರಿ ಕಡಿಮೆ, ಸಭಾಂಗಣ ತುಂಬುವಷ್ಟು ಜನ ಬಂದರೂ ತೊಂದರೆಯಿಲ್ಲ. ಬೇಸಿಗೆಯೆಂದು ಬಯಲಿಗೆ ತಂದಾಗ ಮಾತ್ರ ಎರಡು ಕಡೆ ಕೆಡುತ್ತದೆ. 3,000 ಲ್ಯೂಮೆನ್ ಪ್ರೊಜೆಕ್ಟರ್ ಸಂಜೆಯ ಬೆಳಕಿನಲ್ಲಿ ನಕ್ಷೆಯ ಬಣ್ಣಗಳನ್ನು ತೋರಿಸುವುದಿಲ್ಲ, ಹಾಗಾಗಿ ಸೂರ್ಯಾಸ್ತವಾಗಿ ಅರ್ಧ ಗಂಟೆಯಾದರೂ ಕಳೆದ ಮೇಲೆ ಶುರುಮಾಡಬೇಕು. ಹಳೆಯ ನಕ್ಷೆಗಳನ್ನು ಪ್ರದರ್ಶನಕ್ಕೆ ಇಡುವುದಾದರೆ ಮೂಲಪ್ರತಿ ಹೊರಗೆ ತರಲೇಬಾರದು. ಒಳಗೇ ಅವಕ್ಕೆ 50 ಲಕ್ಸ್ ಬೆಳಕು ಮಿತಿ. ಬಿಸಿಲಿನಲ್ಲಿ ಅದರ ಸಾವಿರ ಪಟ್ಟಿಗೂ ಹೆಚ್ಚು ಬೀಳುತ್ತದೆ. ನಕಲುಪ್ರತಿ ಸಾಕು, ಅದನ್ನಾದರೆ ಜನ ಮುಟ್ಟಿಯೂ ನೋಡಬಹುದು.

ನಡಿಗೆ ಉಪನ್ಯಾಸಕ್ಕಿಂತ ಒಂದು ಹೆಜ್ಜೆ ಮುಂದೆ, ಆದರೆ ಅದರ ಗುಣವೆಲ್ಲ ಮುಂದೆ ನಡೆಯುವವರ ಮೇಲೆ ನಿಂತಿದೆ. ಒಬ್ಬರಿಗೆ 15ರಿಂದ 20 ಜನ ಮಿತಿ. 30 ದಾಟಿದರೆ ಹಿಂದಿನವರಿಗೆ ಮಾತು ಕೇಳಿಸುವುದಿಲ್ಲ, ಪ್ರತಿ ನಿಲುಗಡೆಯಲ್ಲೂ ಅವರು ಬಂದು ಸೇರುವುದನ್ನು ಕಾಯಬೇಕು. ಸಮತಟ್ಟಿನಲ್ಲಿ ಗಂಟೆಗೆ 5 ಕಿ.ಮೀ., ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ ಎಂಬ ನೈಸ್ಮಿತ್ ಸೂತ್ರ ಚಾರಣಿಗರಿಗೆ ಸರಿ. ನಿಂತು ನೋಡುವ ಗುಂಪಿಗೆ ಅದನ್ನು ಹಾಕಿದರೆ ಸಮಯವೆಲ್ಲ ತಪ್ಪುತ್ತದೆ. ಗಂಟೆಗೆ 1.5 ಕಿ.ಮೀ. ಎಂದು ಲೆಕ್ಕ ಹಿಡಿಯಿರಿ. ಎರಡೂವರೆ ಗಂಟೆಗೆ ನಾಲ್ಕು ಕಿ.ಮೀ.ಗೂ ಕಡಿಮೆ, ಆರು ಅಥವಾ ಏಳು ನಿಲುಗಡೆ. ದಾರಿಯನ್ನು ಮೊದಲೇ ನೋಡಿಕೊಳ್ಳುವಾಗ ಕಾರ್ಯಕ್ರಮದ ಹೊತ್ತಿಗೇ ಹೋಗಬೇಕು: ಬೆಳಿಗ್ಗೆ ನೆರಳಿದ್ದ ನಿಲುಗಡೆ ಹತ್ತು ಗಂಟೆಗೆ ಸುಡುತ್ತಿರುತ್ತದೆ. ವಿವರಿಸುವವರು ಸೂರ್ಯನಿಗೆ ತಾವು ಮುಖಮಾಡಿ ನಿಲ್ಲಬೇಕು. ಕೇಳುವವರ ಕಣ್ಣಿಗೆ ಬಿಸಿಲು ಹೊಡೆದರೆ ಯಾರೂ ಭೂರೂಪ ನೋಡುವುದಿಲ್ಲ, ನೆಲ ನೋಡುತ್ತಾರೆ. ಕೈಯಲ್ಲಿ 1:25,000 ನಕ್ಷೆ ಇದ್ದರೆ ಒಳ್ಳೆಯದು, ಅದರಲ್ಲಿ 4 ಸೆಂ.ಮೀ. ಎಂದರೆ ಒಂದು ಕಿ.ಮೀ. 1:50,000ರಲ್ಲಿ ಇಂಥ ಚಿಕ್ಕ ನಡಿಗೆ ಬೆರಳುದ್ದದಲ್ಲಿ ಮುಗಿದುಹೋಗುತ್ತದೆ, ಹೊಸಬರಿಗೆ ಸಮೋನ್ನತಿ ರೇಖೆ (ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆ) ಓದಲು ಕಷ್ಟ.

ನೆರಳಳತೆಗೆ ಖರ್ಚು ಎಲ್ಲಕ್ಕಿಂತ ಕಡಿಮೆ, ಬೆರಗು ಎಲ್ಲಕ್ಕಿಂತ ಹೆಚ್ಚು. ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಕ್ರಿ.ಪೂ. 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ನೆರಳು ವೃತ್ತದ ಐವತ್ತನೇ ಒಂದು ಭಾಗ, ಅಂದರೆ 7.2 ಡಿಗ್ರಿ, ಓರೆಯಾಗಿರುವುದನ್ನು ಹಿಡಿದು ಸುತ್ತಳತೆ ಲೆಕ್ಕ ಹಾಕಿದ ವಿಧಾನವೇ ಇದು. ಉತ್ತರ–ದಕ್ಷಿಣವಾಗಿ ದೂರವಿರುವ ಎರಡು ಕಡೆ ಎರಡು ಗುಂಪು ಬೇಕು. ನೆರಳಿನ ಉದ್ದವನ್ನು ಕೋಲಿನ ಎತ್ತರದಿಂದ ಭಾಗಿಸಿದರೆ ಕೋನದ ಟ್ಯಾಂಜೆಂಟ್, ಅದರಿಂದ ಕೋನ ಸಿಗುತ್ತದೆ. ಒಂದು ಮೀಟರ್ ಕೋಲಿಗೆ 12.6 ಸೆಂ.ಮೀ. ನೆರಳು ಬಿದ್ದರೆ 7.2 ಡಿಗ್ರಿ. ಎರಡೂ ಕಡೆಯ ಕೋನಗಳ ವ್ಯತ್ಯಾಸದಿಂದ 360ನ್ನು ಭಾಗಿಸಿ, ಬಂದದ್ದನ್ನು ಉತ್ತರ–ದಕ್ಷಿಣ ದೂರದಿಂದ ಗುಣಿಸಬೇಕು. ಒಂದು ಕಡೆ ಸೂರ್ಯ ನೆತ್ತಿಯಿಂದ ಉತ್ತರಕ್ಕೆ, ಇನ್ನೊಂದು ಕಡೆ ದಕ್ಷಿಣಕ್ಕೆ ಇದ್ದರೆ ಕಳೆಯುವ ಬದಲು ಕೂಡಬೇಕು. ಇದನ್ನು ಮರೆತರೆ ಲೆಕ್ಕ ಪೂರ್ತಿ ಹಾಳು.

ದೂರದ ವಿಷಯದಲ್ಲಿ ರಾಜಿ ಬೇಡ. 800 ಕಿ.ಮೀ. ಅಂತರಕ್ಕೆ ವ್ಯತ್ಯಾಸ 7.2 ಡಿಗ್ರಿ ಬಂದರೆ ಉತ್ತರ 40,000 ಕಿ.ಮೀ.; ಧ್ರುವಗಳ ಮೂಲಕ ಭೂಮಿಯ ನಿಜವಾದ ಸುತ್ತಳತೆ 40,008. ಅಳತೆ ಒಂದು ಡಿಗ್ರಿ ಹೆಚ್ಚಾಗಿ ಬಂದರೆ ಉತ್ತರ ಸುಮಾರು 35,100. ಅದೇ ಒಂದು ಡಿಗ್ರಿ ತಪ್ಪು 200 ಕಿ.ಮೀ. ಅಂತರದಲ್ಲಿ ಆದರೆ 25,700 ಅಥವಾ 90,000 ಏನು ಬೇಕಾದರೂ ಬರಬಹುದು. 500 ಕಿ.ಮೀ.ಗಿಂತ ಹತ್ತಿರದ ಜೊತೆಗಾರರು ಸಿಕ್ಕರೆ ಈ ಕಾರ್ಯಕ್ರಮಕ್ಕೆ ಕೈಹಾಕದಿರುವುದೇ ಲೇಸು.

ಒಂದು ಡಿಗ್ರಿ ತಪ್ಪಲು ಒಂದು ಮೀಟರ್ ಕೋಲು ತುದಿಯಲ್ಲಿ 1.7 ಸೆಂ.ಮೀ. ವಾಲಿದರೆ ಸಾಕು. ಇದಕ್ಕೆ ಅಚ್ಚುಕಟ್ಟಾದ ಪರಿಹಾರವಿದೆ. ಕೋಲಿನ ತುದಿಗೆ ಅಡ್ಡಲಾಗಿ, 4 ಮಿ.ಮೀ. ತೂತಿರುವ ಲೋಹದ ತಗಡು ಕೂರಿಸಿ, ತೂತಿನ ನೇರ ಕೆಳಗಿನ ಬಿಂದುವನ್ನು ತೂಗುಗುಂಡಿನಿಂದ ಗುರುತಿಸಿ. ಆಗ ಅಳೆಯುವುದು ಕೋಲಿನ ಬುಡದಿಂದಲ್ಲ, ಆ ಬಿಂದುವಿನಿಂದ. ಕೋಲು ಸ್ವಲ್ಪ ವಾಲಿದರೂ ನಷ್ಟವಿಲ್ಲ. ಇನ್ನೊಂದು ಲಾಭವೂ ಇದೆ. ಸೂರ್ಯನ ಬಿಂಬ ಅರ್ಧ ಡಿಗ್ರಿ ಅಗಲ, ಅದರಿಂದ ಬರಿ ಕೋಲಿನ ತುದಿಯ ನೆರಳಿನ ಅಂಚು ಸುಮಾರು 9 ಮಿ.ಮೀ. ಮಸುಕಾಗಿರುತ್ತದೆ, ಒಬ್ಬೊಬ್ಬರು ಒಂದೊಂದು ಕಡೆ ಗೆರೆ ಹಾಕುತ್ತಾರೆ. ತೂತಿನಿಂದ ಬಿದ್ದ ಬೆಳಕಿನ ಚುಕ್ಕೆಗೆ ನಡುವಿದೆ, ಅದರಲ್ಲಿ ವಾದವಿಲ್ಲ. ಕೆಳಗಿನ ಹಲಗೆಯನ್ನು ಮಾತ್ರ ರಸಮಟ್ಟ ಇಟ್ಟು ಎರಡೂ ದಿಕ್ಕಿಗೆ ಸಮ ಮಾಡಲೇಬೇಕು. ತೂತಿನ ಮೂಲಕ ಸೂರ್ಯನನ್ನು ನೋಡಬಾರದು ಎಂದು ಮಕ್ಕಳಿಗೆ ಮೊದಲೇ ಹೇಳಿಬಿಡಿ.

ಗಡಿಯಾರದ 12 ಗಂಟೆಯನ್ನು ನಂಬಬೇಡಿ. ಕಾಲವಲಯದ ಸಮಯಕ್ಕೆ ಆಧಾರವಾದ ರೇಖಾಂಶದಿಂದ ಪ್ರತಿ ಡಿಗ್ರಿಗೆ ನಾಲ್ಕು ನಿಮಿಷ ವ್ಯತ್ಯಾಸ, ಜೊತೆಗೆ ಕಾಲಸಮೀಕರಣದ (ಸೂರ್ಯನ ಹೊತ್ತಿಗೂ ಗಡಿಯಾರದ ಹೊತ್ತಿಗೂ ವರ್ಷವಿಡೀ ಬದಲಾಗುವ ಅಂತರ) ಕೆಲವು ನಿಮಿಷ. ಲೆಕ್ಕ ಹಾಕಿದ ಮಧ್ಯಾಹ್ನಕ್ಕೆ 20 ನಿಮಿಷ ಮೊದಲಿಂದ 20 ನಿಮಿಷ ಆಮೇಲಿನವರೆಗೆ ಎರಡು ಮೂರು ನಿಮಿಷಕ್ಕೊಮ್ಮೆ ಚುಕ್ಕೆ ಗುರುತಿಸಿ, ತೂಗುಗುಂಡಿನ ಬಿಂದುವಿಗೆ ಅತಿ ಹತ್ತಿರದ್ದನ್ನು ಆರಿಸಿಕೊಳ್ಳಿ. ಮೋಡ ಈ ಕಾರ್ಯಕ್ರಮದ ಶತ್ರು. ಆದರೆ ಜೂನ್ 21ರ ಆಸುಪಾಸಿನಲ್ಲಿ ಇಟ್ಟುಕೊಂಡರೆ ಅದಕ್ಕೂ ದಾರಿಯಿದೆ: ಅಯನ ಸಂಕ್ರಾಂತಿಯ ಆಚೀಚೆ ಐದು ದಿನದಲ್ಲಿ ಸೂರ್ಯನ ಕ್ರಾಂತಿ (ಆಕಾಶದ ಸಮಭಾಜಕದಿಂದ ಉತ್ತರಕ್ಕೋ ದಕ್ಷಿಣಕ್ಕೋ ಇರುವ ಕೋನ) 0.1 ಡಿಗ್ರಿಯೂ ಬದಲಾಗುವುದಿಲ್ಲ, ಎರಡು ಗುಂಪು ಬೇರೆ ಬೇರೆ ದಿನ ಅಳೆದರೂ ನಡೆಯುತ್ತದೆ. ಹಗಲು ರಾತ್ರಿ ಸಮವಾಗುವ ವಿಷುವದ ಹೊತ್ತಿನಲ್ಲಿ ದಿನಕ್ಕೆ 0.4 ಡಿಗ್ರಿ ಸರಿಯುವುದರಿಂದ ಈ ಸಲಿಗೆ ಇರದು.

ಇಷ್ಟಾದರೂ ನೆರಳಳತೆ ಉತ್ತರ ಗೊತ್ತಿರುವ ಪ್ರಶ್ನೆ. ಉಷ್ಣತೆಯ ಸುತ್ತಿನಲ್ಲಿ ಉತ್ತರ ಯಾರಿಗೂ ಮೊದಲೇ ಗೊತ್ತಿರುವುದಿಲ್ಲ, ಅದಕ್ಕೇ ನಮ್ಮ ಮೊದಲ ಮತ ಅದಕ್ಕೆ. ನಗರದೊಳಗೆ ರಾತ್ರಿ ಹೊರವಲಯಕ್ಕಿಂತ ಬೆಚ್ಚಗಿರುತ್ತದೆ ಎಂದು ಇಂಗ್ಲಿಷ್ ಹವಾಮಾನ ವೀಕ್ಷಕ ಲ್ಯೂಕ್ ಹೊವಾರ್ಡ್ 19ನೇ ಶತಮಾನದ ಆರಂಭದಲ್ಲೇ ಲಂಡನ್‌ನಲ್ಲಿ ಅಳೆದು ತೋರಿಸಿದ್ದ. ಹುಲ್ಲುಬಯಲು ಬೇಗ ತಣಿಯುತ್ತದೆ. ಕಲ್ಲು, ಕಾಂಕ್ರೀಟು, ಡಾಂಬರು ಹಗಲು ಹೀರಿದ ಶಾಖವನ್ನು ನಿಧಾನವಾಗಿ ಬಿಡುತ್ತವೆ. ಈ ಅಂತರ ಚೆನ್ನಾಗಿ ಕಾಣುವುದು ಆಕಾಶ ತಿಳಿಯಾಗಿ ಗಾಳಿ ನಿಂತ ರಾತ್ರಿ, ಸೂರ್ಯಾಸ್ತದ ಎರಡು ಮೂರು ಗಂಟೆ ಆದ ಮೇಲೆ. ಬಿಸಿಲು ಇಲ್ಲದ್ದರಿಂದ ಉಷ್ಣಮಾಪಕಕ್ಕೆ ಮರೆ ಕಟ್ಟುವ ರಗಳೆಯೂ ಇಲ್ಲ, ಬಂದವರು ಬಳಲುವುದೂ ಇಲ್ಲ.

ನಾಲ್ಕು ಜನರ ತಂಡ: ಒಬ್ಬರು ಓದಲು, ಒಬ್ಬರು ಬರೆಯಲು, ಒಬ್ಬರು ಸಮಯಕ್ಕೆ, ಒಬ್ಬರು ಸುತ್ತಲಿನ ನೆಲ, ಮರ, ಗೋಡೆ ವಿವರಿಸಲು. ಹೊರಡುವ ಮೊದಲು ಎಲ್ಲ ಮಾಪಕಗಳನ್ನು ಒಂದೇ ಕಡೆ 15 ನಿಮಿಷ ಇಟ್ಟು ಒಂದಕ್ಕೊಂದು ಎಷ್ಟು ಹೆಚ್ಚುಕಡಿಮೆ ತೋರಿಸುತ್ತವೆ ಎಂದು ಬರೆದುಕೊಳ್ಳಬೇಕು. ಅಗ್ಗದ ಮಾಪಕಗಳ ನಡುವೆ ಒಂದು ಡಿಗ್ರಿ ಅಂತರ ಸಾಮಾನ್ಯ, ನೀವು ಹುಡುಕುತ್ತಿರುವ ವ್ಯತ್ಯಾಸವೂ ಅಷ್ಟೇ ಇರಬಹುದು. ಸುತ್ತು 3 ಕಿ.ಮೀ. ಒಳಗೆ, ಎಂಟು ಹತ್ತು ಬಿಂದು, ಹೊರಟಲ್ಲಿಗೇ ವಾಪಸ್. ಪ್ರತಿ ಬಿಂದುವಿನಲ್ಲಿ ಮಾಪಕವನ್ನು ನೆಲದಿಂದ 1.5 ಮೀಟರ್ ಎತ್ತರದಲ್ಲಿ, ಮೈಯಿಂದ ಕೈದೂರದಲ್ಲಿ ಹಿಡಿದು ಮೂರು ನಿಮಿಷ ಕಾಯಬೇಕು. ಎ.ಸಿ. ಹೊರಘಟಕ, ನಿಂತ ವಾಹನದ ಪಕ್ಕ ಬೇಡ. ಫೋನು ತೋರಿಸುವ ಉಷ್ಣತೆ ಬ್ಯಾಟರಿಯದು. ಅವಕೆಂಪು ಗನ್ ಅಳೆಯುವುದು ಮೇಲ್ಮೈಯನ್ನು, ಗಾಳಿಯನ್ನಲ್ಲ. ಹೊಳೆಯುವ ಲೋಹದ ಮೇಲೆ ಅದೂ ಸುಳ್ಳು ಹೇಳುತ್ತದೆ.

ಹೆಚ್ಚಿನವರು ಬಿಟ್ಟುಬಿಡುವ ಹಂತ ಒಂದಿದೆ. ಸುತ್ತುವಷ್ಟರಲ್ಲಿ ಊರೇ ತಣ್ಣಗಾಗುತ್ತಿರುತ್ತದೆ, ಆದ್ದರಿಂದ ಕೊನೆಯ ಬಿಂದುಗಳೆಲ್ಲ ತಂಪಾಗಿ ಕಾಣುತ್ತವೆ. ಹೊರಟಾಗ 31.4, ಒಂದೂವರೆ ಗಂಟೆಯ ನಂತರ ಅದೇ ಜಾಗದಲ್ಲಿ 30.2 ಇದ್ದರೆ ಇಳಿಕೆ 1.2 ಡಿಗ್ರಿ, 45ನೇ ನಿಮಿಷದ ಓದಿಗೆ 0.6 ಸೇರಿಸಬೇಕು. ತಿದ್ದಿದ ಸಂಖ್ಯೆಗಳನ್ನು ಗೋಡೆಗೆ ಹಾಕಿದ ದೊಡ್ಡ ನಕ್ಷೆಯಲ್ಲಿ ಅರ್ಧ ಡಿಗ್ರಿಗೊಂದು ಬಣ್ಣದ ಚುಕ್ಕೆಯಾಗಿ ತಂಡಗಳೇ ಅಂಟಿಸಲಿ. ತಗ್ಗಿನಲ್ಲಿರುವ ಉದ್ಯಾನ ತಂಪಾಗಿ ಬಂದರೆ ಹುಲ್ಲಿನಿಂದಲೋ, ತಣ್ಣನೆಯ ಗಾಳಿ ತಗ್ಗಿಗೆ ಹರಿದಿದ್ದರಿಂದಲೋ ಎಂದು ಹೇಳಲಾಗದು. ಅದಕ್ಕೆ ಅದೇ ಎತ್ತರದಲ್ಲಿ ಕಟ್ಟಡಗಳ ನಡುವಿನ ಇನ್ನೊಂದು ಬಿಂದುವನ್ನೂ ಮೊದಲೇ ಸೇರಿಸಿಕೊಳ್ಳಿ.

ನಕ್ಷೆಕೂಟದ ಬಲ ಬೇರೆ: 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಸೇರಿದ ಕುಡಿಯುವ ನೀರಿನ ನಲ್ಲಿ, ಬೆಂಚು, ಇಳಿಜಾರು ದಾರಿ ಕಾರ್ಯಕ್ರಮ ಮುಗಿದ ಮೇಲೂ ಎಲ್ಲರಿಗೂ ಸಿಗುತ್ತವೆ. ಆದರೆ ಅದೇ ಭಾರ ಕೂಡ. ಹೊಸಬರು ಗೊತ್ತಿಲ್ಲದೆ ನಕ್ಷೆಯಲ್ಲಿರುವ ರಸ್ತೆಯ ಬಿಂದುವನ್ನು ಜಾಗ ತಪ್ಪಿಸಿ ಎಳೆದುಬಿಡುತ್ತಾರೆ, ಅದನ್ನು ಸರಿಪಡಿಸಲು ಅನುಭವಿಗಳು ಆ ವಾರವೇ ಕೂರಬೇಕು. ಐದು ಹೊಸಬರಿಗೆ ಒಬ್ಬ ಸಹಾಯಕ ಬೇಕೇ ಬೇಕು. ಫೋನಿನಲ್ಲಾದರೆ ಪ್ರಶ್ನೆಗೆ ಉತ್ತರ ಕೊಟ್ಟರೆ ಸಾಕಾಗುವ ಆ್ಯಪ್ ಸ್ಟ್ರೀಟ್‌ಕಂಪ್ಲೀಟ್ ಕೊಡಿ, ಅದರಲ್ಲಿ ಕೆಡಿಸುವ ಅವಕಾಶ ಕಡಿಮೆ. ಬೇರೆ ಕಂಪನಿಗಳ ನಕ್ಷೆ ನೋಡಿ ಹೆಸರು ನಕಲು ಮಾಡಬಾರದು ಎಂಬುದು ಕಾನೂನಿನ ಮಾತು, ಶುರುವಿನಲ್ಲೇ ಹೇಳಿ. ಬಯಲಿನ ಕೆಲಸ ಬೆಳಿಗ್ಗೆ ಏಳರಿಂದ ಒಂಬತ್ತು, ಇಬ್ಬರಿಗೆ ನಾಲ್ಕೈದು ಬೀದಿ. ಬಿಸಿಲೇರಿದ ಮೇಲೆ ಒಳಗೆ ಕೂತು ತುಂಬುವುದು. ಜಿಪಿಎಸ್ ಎತ್ತರದ ಕಟ್ಟಡಗಳ ನಡುವೆ ಹತ್ತಾರು ಮೀಟರ್ ತಪ್ಪಬಲ್ಲದು, ಅಲ್ಲಿ ಉಪಗ್ರಹ ಚಿತ್ರದ ಮೇಲೆ ಕಣ್ಣಿಟ್ಟೇ ಜಾಗ ಹಾಕಬೇಕು.

ದಿನಾಂಕ ಗೊತ್ತುಮಾಡುವಾಗ ಒಂದೇ ಕಾರ್ಯಕ್ರಮ ಪ್ರಕಟಿಸಬೇಡಿ. ಮಧ್ಯಾಹ್ನ ಮೋಡವಾದರೆ ನೆರಳಳತೆ ಇಲ್ಲ, ರಾತ್ರಿ ಗಾಳಿ ಬೀಸಿದರೆ ಉಷ್ಣತೆಯ ಸುತ್ತಿನಲ್ಲಿ ಎಲ್ಲ ಬಿಂದುಗಳೂ ಒಂದೇ ಸಂಖ್ಯೆ ತೋರಿಸುತ್ತವೆ, ಮಳೆ ಬಂದರೆ ನಡಿಗೆ ನಿಲ್ಲುತ್ತದೆ. ನಕ್ಷೆಕೂಟದ ಒಳಾಂಗಣ ಭಾಗ ಮಾತ್ರ ಯಾವ ಹವಾಮಾನಕ್ಕೂ ಜಗ್ಗುವುದಿಲ್ಲ. ಉಷ್ಣತೆಯ ಸುತ್ತಿಗೆ ಹೆಸರು ಕೊಟ್ಟವರಿಗೆ ಅದನ್ನೇ ಬದಲಿಯಾಗಿ ಇಟ್ಟುಕೊಂಡು, ಯಾವುದು ನಡೆಯುತ್ತದೆ ಎಂದು ಹಿಂದಿನ ದಿನ ಸಂಜೆ ಗಾಳಿ–ಮೋಡದ ಮುನ್ಸೂಚನೆ ನೋಡಿ ತಿಳಿಸಿ.